ಮೀಟರಿಗೆ ಮೂರೂ ಒಂದೇ

ನಮ್ಮದು ಮೋಟರ್ ವೈಂಡಿಂಗ್ ಅಂಗಡಿ, ತುಮಕೂರಿನ ಗುಬ್ಬಿ ಗೇಟ್ ಹತ್ತಿರ. ಬೋರ್‌ವೆಲ್ ಮೋಟರ್ ಸುಟ್ಟಿತು ಅಂದರೆ ಗುಬ್ಬಿ, ಕುಣಿಗಲ್, ಕೊರಟಗೆರೆ ಕಡೆಯ ರೈತರು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬರುತ್ತಾರೆ. ಅಪ್ಪ ಮೂವತ್ತೈದು ವರ್ಷದಿಂದ ತಾಮ್ರದ ವೈರ್ ಸುತ್ತುತ್ತಿದ್ದಾರೆ. ನಾನು ಡಿಪ್ಲೊಮಾ ಮುಗಿಸಿ ಬಂದು ಅವರ ಪಕ್ಕ ಕೂತು ಹನ್ನೆರಡು ವರ್ಷ ಆಯಿತು. ರಾತ್ರಿ ಶಟರ್ ಎಳೆದ ಮೇಲೆ ಅದೇ ಬೆಂಚಿನ ಮೇಲೆ ಎಲೆಕ್ಟ್ರಿಕ್ ಗಿಟಾರ್ ಬಿಚ್ಚುತ್ತೇನೆ. ಮೀಟರಿಗೆ ಹೆಚ್ಚುಕಮ್ಮಿ ಒಂದೇ ಥರ ಕಾಣೋ ಮೂರು ಪಿಕಪ್ ಹೋಲಿಸಿದ ಕತೆ ಇದು. ಪಿಕಪ್ ಅಂದರೆ ಗಿಟಾರ್ ತಂತಿಯ ಅಲುಗಾಟವನ್ನು ಕರೆಂಟ್ ಮಾಡಿ ಆಂಪ್ಲಿಫೈಯರಿಗೆ ಕಳಿಸೋ ಮ್ಯಾಗ್ನೆಟ್ ಮತ್ತು ತಾಮ್ರದ ಕಾಯಿಲ್.

ನಾನು ಹಂಬಕರ್ ಅನ್ನೋ ಎರಡು ಕಾಯಿಲ್ ಪಿಕಪ್ ಕಡೆ ತಿರುಗಿದ್ದೇ ಈ ಅಂಗಡಿಯಿಂದ. ನನ್ನ ಮೊದಲ ಗಿಟಾರಿನಲ್ಲಿ ಸಿಂಗಲ್ ಕಾಯಿಲ್ ಪಿಕಪ್ ಇತ್ತು. ಅಂಗಡಿಯಲ್ಲಿ ಟೆಸ್ಟ್ ಪ್ಯಾನೆಲ್ ಆನ್ ಮಾಡಿದರೆ ಸಾಕು, ಆಂಪ್ಲಿಫೈಯರ್ 'ಗುಂಯ್' ಅನ್ನುತ್ತಿತ್ತು. ನಮ್ಮ ಕರೆಂಟಿನ 50 ಹರ್ಟ್ಜ್ ನೇರ ಪಿಕಪ್‌ನೊಳಗೆ ಇಳಿಯುತ್ತದೆ. ಹಂಬಕರ್‌ನಲ್ಲಿ ಎರಡು ಕಾಯಿಲ್ ಪಕ್ಕಪಕ್ಕ ಕೂತಿರುತ್ತವೆ. ಒಂದಕ್ಕೆ ಮ್ಯಾಗ್ನೆಟ್‌ನ ಉತ್ತರ ಧ್ರುವ, ಇನ್ನೊಂದಕ್ಕೆ ದಕ್ಷಿಣ. ಕಾಯಿಲ್‌ನ ಸುತ್ತೂ ಉಲ್ಟಾ. ಗಿಟಾರ್ ತಂತಿಯ ಸದ್ದು ಎರಡು ಸಲ ಉಲ್ಟಾ ಆಗಿ ನೆಟ್ಟಗೆ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ಬರುವ ಗುಂಯ್‌ಗೆ ಮ್ಯಾಗ್ನೆಟ್‌ನ ಹಂಗಿಲ್ಲ. ಅದು ಒಂದೇ ಸಲ ಉಲ್ಟಾ ಆಗಿ ತನ್ನನ್ನು ತಾನೇ ಹೊಡೆದುಹಾಕಿಕೊಳ್ಳುತ್ತದೆ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಎರಡನೇ ಸಲ ಕೇಳಲಿಲ್ಲ. "ಸರಿಯಾಗಿ ಯೋಚ್ನೆ ಮಾಡವ್ನೆ" ಅಂದರು. ಇದನ್ನು ರೂಪಿಸಿದ ಗಿಬ್ಸನ್ ಗಿಟಾರ್ ಕಂಪನಿಯ ಸೆತ್ ಲವರ್ ಬಗ್ಗೆ. ಆತ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು, ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಅಲ್ಲಿವರೆಗೆ, ಆಮೇಲೂ ಒಂದಷ್ಟು ವರ್ಷ, ಪಿಕಪ್‌ಗಳ ಅಡಿಯಲ್ಲಿ 'ಪೇಟೆಂಟ್ ಅಪ್ಲೈಡ್ ಫಾರ್' ಅನ್ನೋ ಚೀಟಿ ಅಂಟಿಸುತ್ತಿದ್ದರು. ಅದಕ್ಕೇ ಆ ಕಾಲದವನ್ನು ಪಿಎಎಫ್ ಅನ್ನೋದು. 1962ರ ಸುಮಾರಿಗೆ ಕೊನೆಗೂ ಪೇಟೆಂಟ್ ನಂಬರ್ ಇರೋ ಚೀಟಿ ಬಂತು. ಆದರೆ ಆ ನಂಬರ್ ಪಿಕಪ್‌ದಲ್ಲ, ಗಿಟಾರಿನ ತಂತಿಯ ತುದಿ ಹಿಡಿಯೋ ಟೇಲ್‌ಪೀಸ್‌ದು!

ಆ ಹಳೇ ಪಿಎಎಫ್‌ಗಳಲ್ಲಿ ಸುತ್ತಿನ ಲೆಕ್ಕ ಪಕ್ಕಾ ಇರಲಿಲ್ಲ. ಒಂದೊಂದು ಕಾಯಿಲ್‌ಗೆ ಸುಮಾರು 5,000 ಸುತ್ತು, ಆದರೆ ಕೆಲವಕ್ಕೆ ಜಾಸ್ತಿ, ಕೆಲವಕ್ಕೆ ಕಮ್ಮಿ. ಮ್ಯಾಗ್ನೆಟ್ ಕೂಡ ಅಲ್ನಿಕೊ ಅನ್ನೋ ಬೆರಕೆ ಲೋಹದ್ದು, ಕೈಗೆ ಸಿಕ್ಕ ನಂಬರಿನದು. ಹಾಗಾಗಿ ಮೀಟರ್ ಇಟ್ಟರೆ 7 ಕಿಲೋ ಓಮ್‌ನಿಂದ 9ರವರೆಗೆ ಎಲ್ಲಾದರೂ ಬರುತ್ತದೆ. ಅಪ್ಪನಿಗೆ ಇದು ಮಾತ್ರ ಸರಿ ಬರಲಿಲ್ಲ. "ಎಣಿಸ್ದೆ ಸುತ್ತವ್ರಾ?" ಅಂತ ಎರಡು ದಿನ ಕೇಳುತ್ತಿದ್ದರು.

ಈಗ ನನ್ನ ಕತೆಗೆ ಬರ್ತೀನಿ. ನನ್ನ ಹತ್ತಿರ ಇರೋದು ಸೆಕೆಂಡ್ ಹ್ಯಾಂಡ್ ಗಿಟಾರ್, ಲೆಸ್ ಪಾಲ್ ನಮೂನೆ. ಅದರ ಬ್ರಿಡ್ಜ್ ಜಾಗಕ್ಕೆ, ಅಂದರೆ ತಂತಿ ಬಂದು ಕೂರೋ ತುದಿಯ ಹತ್ತಿರಕ್ಕೆ, ಅಂತ ನಾಲ್ಕು ವರ್ಷದಲ್ಲಿ ಮೂರು ಪಿಕಪ್ ಸೇರಿದವು. ಸೀಮೋರ್ ಡಂಕನ್ '59, ಅದೇ ಕಂಪನಿಯ ಪರ್ಲಿ ಗೇಟ್ಸ್, ಆಮೇಲೆ ಡಿಮಾರ್ಜಿಯೊದ ಒಂದು ಪಿಎಎಫ್ ಮಾದರಿ. ಮೂರೂ ಹಳೇ ಪಿಎಎಫ್‌ನ ಮೊಮ್ಮಕ್ಕಳೇ. ನನ್ನ ಮೀಟರಿನಲ್ಲಿ ಕ್ರಮವಾಗಿ 8.1, 8.3, 8.5 ಕಿಲೋ ಓಮ್. ಮೂರೂ ಒಂದೇ ಅಂದರೂ ನಡೆಯುತ್ತದೆ. ಅದೇ ಡಂಕನ್ನರ ಜೆಬಿ ಅನ್ನೋ ಪಿಕಪ್ 16ರ ಆಸುಪಾಸು ತೋರಿಸುತ್ತದೆ. ಅದರ ಪಕ್ಕ ಇಟ್ಟರೆ ವ್ಯತ್ಯಾಸ ಹೇಳೋಕೆ ಕಿವಿಯೇ ಬೇಡ. ಅಕ್ಕಪಕ್ಕದವರನ್ನು ಹೋಲಿಸೋದು ಕಷ್ಟ.

ಮೊದಲ ಸಲ ಹೋಲಿಸಿದಾಗ ಪುಸ್ತಕದಲ್ಲಿ ಏನೇನೋ ಬರೆದುಕೊಂಡಿದ್ದೆ. '59ಗೆ 'ಗಾಜಿನ ಹಾಗೆ', ಪರ್ಲಿ ಗೇಟ್ಸ್‌ಗೆ 'ಬೆಚ್ಚಗೆ', ಡಿಮಾರ್ಜಿಯೊಗೆ 'ಮಂಕು'. ತಿಂಗಳಾದ ಮೇಲೆ ಓದಿದಾಗ ನಗು ಬಂತು. ಮೂರನ್ನೂ ಅದೇ ಕ್ರಮದಲ್ಲಿ, ವಾರಕ್ಕೆ ಒಂದರಂತೆ ಮೂರು ವಾರ ಹಾಕಿದ್ದೆ. ತಂತಿ ಮಾತ್ರ ಅದೇ ಸೆಟ್ಟು. ಹೊಸ ತಂತಿ ಗಾಜಿನ ಹಾಗೇ ಕೇಳುತ್ತದೆ, ಮೂರನೇ ವಾರಕ್ಕೆ ಕೈ ಬೆವರು ಕುಡಿದು ಮಂಕಾಗುತ್ತದೆ. ನಾನು ತಂತಿಯ ವಯಸ್ಸನ್ನು ಪಿಕಪ್‌ನ ಗುಣ ಅಂತ ಬರೆದಿದ್ದೆ.

ಇನ್ನೊಂದು ಎಡವಟ್ಟು ಮೀಟರಿಂದ. ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ '59 ಅಳೆದೆ, 8.1 ಬಂತು. ಮಧ್ಯಾಹ್ನ ಮೂರು ಗಂಟೆಗೆ ಅದನ್ನೇ ಅಳೆದರೆ 8.4. ಒಳಗೆ ಏನೋ ಶಾರ್ಟ್ ಆಗಿದೆ ಅಂತ ಹೆದರಿದೆ. ಅಪ್ಪ ತಲೆ ಎತ್ತದೇ ಹೇಳಿದರು, "ಶಾರ್ಟ್ ಆದ್ರೆ ಇಳೀಬೇಕಲ್ವೇನೋ, ಏರ್ತದಾ?" ತಾಮ್ರ ಬಿಸಿಯಾದರೆ ಒಂದು ಡಿಗ್ರಿಗೆ ಸುಮಾರು 0.39 ಪರ್ಸೆಂಟ್ ರೆಸಿಸ್ಟೆನ್ಸ್ ಏರುತ್ತದೆ. ಹತ್ತು ಡಿಗ್ರಿಗೆ ನಾಲ್ಕು ಪರ್ಸೆಂಟ್. ಓಡಿ ಬಿಸಿಯಾದ ಮೋಟರಿನಲ್ಲಿ ದಿನಾ ನೋಡೋ ವಿಷಯ. ಅದನ್ನೇ ಗಿಟಾರ್ ಮುಂದೆ ಕೂತಾಗ ಮರೆತಿದ್ದೆ. ಅಂದರೆ ತುಮಕೂರಿನ ಬಿಸಿಲಿಗೆ ನನ್ನ '59 ಮೀಟರಿನಲ್ಲಿ ಪರ್ಲಿ ಗೇಟ್ಸ್ ಆಗಿಬಿಡುತ್ತದೆ! ಈ ಓಮ್ಸ್ ನೋಡಿ ಟೋನ್ ಹೇಳೋರನ್ನು ಕಂಡರೆ ಆವತ್ತಿಂದ ನನಗೆ ಪಾಪ ಅನ್ನಿಸುತ್ತದೆ.

ಮೂರನೆಯದು ನಾಚಿಕೆ ಪಡೋ ವಿಷಯ, ಆದರೂ ಹೇಳ್ತೀನಿ. ಈ ಪಿಕಪ್‌ಗಳಿಂದ ನಾಲ್ಕು ಬಣ್ಣದ ವೈರ್ ಹೊರಗೆ ಬರುತ್ತವೆ, ಜೊತೆಗೆ ಒಂದು ಬರೀ ವೈರ್. ಡಂಕನ್‌ದಾದರೆ ಕಪ್ಪು ಹಾಟ್ (ಸದ್ದನ್ನು ಹೊರಗೆ ಒಯ್ಯೋ ವೈರ್), ಕೆಂಪು ಬಿಳಿ ಎರಡನ್ನೂ ಸೇರಿಸಿ ಬೆಸುಗೆ, ಹಸಿರು ಮತ್ತು ಬರೀ ವೈರ್ ಅರ್ತ್. ಡಿಮಾರ್ಜಿಯೊದಾದರೆ ಕೆಂಪು ಹಾಟ್, ಕಪ್ಪು ಬಿಳಿ ಸೇರಿಸೋದು, ಹಸಿರು ಅರ್ತ್. ನಾನು ಡಿಮಾರ್ಜಿಯೊವನ್ನು ಒಮ್ಮೆ ಡಂಕನ್ ಲೆಕ್ಕದಲ್ಲಿ ಬೆಸೆದೆ. ಸದ್ದು ತಗಡು ಬಡಿದ ಹಾಗೆ. ಜೊತೆಗೆ ಗುಂಯ್ ವಾಪಸ್ ಬಂದಿದೆ. ಒಂದು ಕಾಯಿಲ್ ತಿರುಗಿ ಕೂತಿತ್ತು. ತಂತಿಯ ಸದ್ದು ಒಂದಕ್ಕೊಂದು ಕಳೆದುಹೋಗಿ, ಗುಂಯ್ ಕೂಡಿಕೊಳ್ಳುತ್ತಿತ್ತು. ಸೆತ್ ಲವರ್ ಮಾಡಿದ್ದನ್ನು ಪೂರ್ತಿ ಉಲ್ಟಾ ಮಾಡಿದ್ದೆ. ಮೂರು ಫೇಸಿನ ಮೋಟರಿಗೆ ದಿನಾ ಕನೆಕ್ಷನ್ ಕೊಡೋ ಕೈ ಇದು! ಎರಡು ದಿನ 'ಡಿಮಾರ್ಜಿಯೊ ನನ್ನ ಕಿವಿಗೆ ಆಗಿಬರಲ್ಲ' ಅಂತ ತಿರುಗಾಡಿದ್ದೆ ಬೇರೆ.

ಅದಾದ ಮೇಲೆ ಸರಿಯಾಗಿ ಒಂದು ಸಲ ಮಾಡಿಬಿಡೋಣ ಅಂತ ಕೂತೆ. ಭಾನುವಾರ ಬೆಳಿಗ್ಗೆ. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು, ತಂಗಿಗೂ ಪಾರ್ಸೆಲ್ ಕಟ್ಟಿಸಿಕೊಂಡು ಬಂದೆ. ಇಡ್ಲಿ ಅವಳ ಕೂಲಿ. ಅವಳ ಕೆಲಸ ರೆಕಾರ್ಡಿಂಗ್‌ಗಳ ಹೆಸರು ತೆಗೆದು ನಂಬರ್ ಹಾಕೋದು, ಯಾವುದು ಯಾವುದು ಅಂತ ನನಗೆ ಹೇಳದೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳೋದು.

ಬೆಸುಗೆ ಹಾಕುತ್ತಾ ಕೂತರೆ ಒಂದೊಂದಕ್ಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಕಿವಿ ಹಿಂದಿನ ಸದ್ದನ್ನು ಮರೆತಿರುತ್ತದೆ. ಅದಕ್ಕೆ ಗಿಟಾರಿನ ಹಿಂದಿನ ಮುಚ್ಚಳ ತೆಗೆದು ಸ್ವಿಚ್‌ಬೋರ್ಡಿಗೆ ಹಾಕೋ ಸ್ಕ್ರೂ ಕನೆಕ್ಟರ್ ಕೂರಿಸಿದೆ. ತಂತಿ ಸಡಿಲಿಸಿ, ರಿಂಗಿನ ನಾಲ್ಕು ಸ್ಕ್ರೂ ಬಿಚ್ಚಿ, ಪಿಕಪ್ ಬದಲಿಸಿ, ಮತ್ತೆ ಶ್ರುತಿ ಮಾಡೋಕೆ ಹತ್ತು ನಿಮಿಷದೊಳಗೆ ಮುಗಿಯಿತು. ತಂತಿ ಹೊಸ 10ರ ಸೆಟ್ಟು, ಹಿಂದಿನ ರಾತ್ರಿ ಹಾಕಿ ಎಳೆದಿಟ್ಟಿದ್ದು.

ಎತ್ತರ ಅಳೆಯೋಕೆ ಮೊದಲು ಅಂಗಡಿಯಲ್ಲಿ ಸಂದಿ ಅಳೆಯೋ ಫೀಲರ್ ಗೇಜ್ ತಗೊಂಡೆ. ಸ್ಟೀಲ್ ಪಟ್ಟಿ, ಮ್ಯಾಗ್ನೆಟ್‌ಗೆ ಟಪ್ ಅಂತ ಅಂಟಿಕೊಂಡಿತು. ಆಮೇಲೆ ಹಳೇ ಎಟಿಎಂ ಕಾರ್ಡ್ ಹುಡುಕಿದೆ. ಒಂದು ಕಾರ್ಡ್ 0.76 ಮಿ.ಮೀ. ದಪ್ಪ, ಯಾವ ಬ್ಯಾಂಕಿನದಾದರೂ ಅಷ್ಟೇ. ಗಿಟಾರಿನ ಕೊನೆಯ ಫ್ರೆಟ್ಟಿನಲ್ಲಿ (ಬೆರಳು ಒತ್ತೋ ಅಡ್ಡಪಟ್ಟಿ) ತಂತಿ ಒತ್ತಿ ಹಿಡಿದು, ದಪ್ಪ ತಂತಿಯ ಕೆಳಗೆ ಮೂರು ಕಾರ್ಡ್, ಸಣ್ಣ ತಂತಿಯ ಕೆಳಗೆ ಎರಡು. ಮೂರು ಪಿಕಪ್‌ಗೂ ಇದೇ ಲೆಕ್ಕ. ಸುಮ್ನೆ ಹೇಳ್ತಿಲ್ಲ, ಅರ್ಧ ಕಾರ್ಡಿನಷ್ಟು ಮೇಲೆ ಕೆಳಗೆ ಆದರೂ ಸದ್ದು ಬದಲಾಗುತ್ತದೆ. ಹತ್ತಿರ ಬಂದರೆ ಜೋರು. ಜೋರಾಗಿದ್ದದ್ದು ಯಾವಾಗಲೂ ಚೆನ್ನಾಗೇ ಕೇಳುತ್ತದೆ. ಆ ಮೋಸ ತಪ್ಪಿಸೋಕೆ ಕಂಪ್ಯೂಟರಿನಲ್ಲಿ ಎಲ್ಲಾ ರೆಕಾರ್ಡಿಂಗ್‌ಗಳ ಜೋರನ್ನೂ ಸಮ ಮಾಡಿದೆ.

ಒಂದೊಂದು ಪಿಕಪ್‌ಗೆ ಮೂರು ಸಲ. ಬಾರಿಸಿದ್ದು ಒಂದೇ: ತೆರೆದ ಇ ಕಾರ್ಡ್ (ಎಟಿಎಂದಲ್ಲ, ಎಲ್ಲಾ ತಂತಿ ಒಟ್ಟಿಗೆ ಮೀಟೋ ಸ್ವರಗುಚ್ಛ), ದಪ್ಪ ತಂತಿಗಳ ಮೇಲೆ ಒಂದು ಸಣ್ಣ ತುಣುಕು, ಬಿ ತಂತಿಯ ಹನ್ನೆರಡನೇ ಫ್ರೆಟ್ಟಲ್ಲಿ ಒಂದು ಉದ್ದನೆಯ ಸ್ವರ. ಕ್ಲೀನ್ ಆಗಿ ಒಂದು ಸಾರಿ, ಸದ್ದನ್ನು ಒರಟು ಮಾಡೋ ಓವರ್‌ಡ್ರೈವ್ ಹಾಕಿ ಇನ್ನೊಂದು ಸಾರಿ, ಎರಡೂ ಸೇರಿ ಒಂದು ತುಣುಕು.

ಒಂಬತ್ತು ತುಣುಕು ಕೇಳಿದೆ. ಕ್ಲೀನ್ ಸದ್ದಿನಲ್ಲಿ ನನಗೆ ಏನೂ ಹೇಳೋಕೆ ಆಗಲಿಲ್ಲ. ಓವರ್‌ಡ್ರೈವ್‌ನಲ್ಲಿ ಮಾತ್ರ ಪರ್ಲಿ ಗೇಟ್ಸ್ ಮೂರಕ್ಕೆ ಮೂರೂ ಹಿಡಿದೆ. ಆದರೆ '59 ಮತ್ತು ಡಿಮಾರ್ಜಿಯೊ? ಆರರಲ್ಲಿ ಮೂರು ಸರಿ, ಮೂರು ತಪ್ಪು. ಕಾಸು ಎಸೆದು ಹೇಳಿದ್ದರೂ ಅಷ್ಟೇ ಬರುತ್ತಿತ್ತು. ತಂಗಿ ಚೀಟಿ ನೋಡಿ, "ಇದಕ್ಕೆ ಇಷ್ಟು ದುಡ್ಡು ಸುರಿದ್ಯಾ ಅಣ್ಣ?" ಅಂದಳು. ಗಾಜಿನ ಹಾಗಿರೋದೂ ಮಂಕಾಗಿರೋದೂ ಎರಡೂ ಒಂದೇ ಥರ ಕೇಳುತ್ತಿದ್ದವು.

ಪರ್ಲಿ ಗೇಟ್ಸ್ ಹೇಗೆ ಗೊತ್ತಾಯಿತು ಅಂದರೆ, ದಪ್ಪ ತಂತಿ ಮೀಟಿದ ಕೂಡಲೇ ಬರೋ ಏಟಿನಲ್ಲಿ. '59ರಲ್ಲಿ ಏಟು ಬಿಗಿ, ಬೀಗ ಹಾಕಿದ ಹಾಗೆ. ಪರ್ಲಿ ಗೇಟ್ಸ್‌ನಲ್ಲಿ ಒಂಚೂರು ಹಿಂದಕ್ಕೆ ಒರಗಿ ಆಮೇಲೆ ಅರಳುತ್ತದೆ. ಮೇಲಿನ ಸ್ವರದಲ್ಲಿ ಸಣ್ಣ ಗರಗರ ಇದೆ. ಇದನ್ನು ಮಾತಲ್ಲಿ ಹೇಳೋದು ಕಷ್ಟ. ತಂಬೂರಿಯ ಜೀವಾಳದ ದಾರ ಕೂದಲೆಳೆಯಷ್ಟು ಸರಿಸಿದಾಗ ಶ್ರುತಿ ಅದೇ ಇದ್ದು ನಾದ ಬಿಚ್ಚಿಕೊಳ್ಳುತ್ತದಲ್ಲ, ಆ ಜಾತಿಯ ವ್ಯತ್ಯಾಸ. ಅಷ್ಟು ದೊಡ್ಡದಲ್ಲ, ಜಾತಿ ಮಾತ್ರ ಅದೇ.

ಅಷ್ಟರಲ್ಲಿ ಅಪ್ಪ ಬಂದರು. ಅವರಿಗೆ ಗಿಟಾರ್ ಅಂದರೆ ಅಷ್ಟಕ್ಕಷ್ಟೇ. ಆದರೆ ಮೋಟರಿನ ಮೈಗೆ ಸ್ಕ್ರೂಡ್ರೈವರ್ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಯಾವ ಬೇರಿಂಗ್ ಹೋಗಿದೆ ಅಂತ ಹೇಳೋ ಕಿವಿ ಅದು. "ಕೇಳಿ ಅಪ್ಪಾಜಿ, ಯಾವ್ಯಾವುದು ಒಂದೇ ಥರ ಇದೆ ಹೇಳಿ" ಅಂತ ಹೆಡ್‌ಫೋನ್ ಕೊಟ್ಟೆ. ಒಂಬತ್ತೂ ಕೇಳಿದರು. "ಎರಡು, ಐದು, ಎಂಟು ಲೋಡ್ ತಗೊಂಡಂಗವೆ. ಮಿಕ್ಕಿದ್ದೆಲ್ಲ ಖಾಲಿ ಓಡ್ತಾವೆ" ಅಂದು ಹೆಡ್‌ಫೋನ್ ತೆಗೆದರು. ಚೀಟಿ ನೋಡಿದರೆ ಎರಡು, ಐದು, ಎಂಟೇ ಪರ್ಲಿ ಗೇಟ್ಸ್. ನನ್ನ ಪುಸ್ತಕದ ಮೂರು ಪುಟಕ್ಕಿಂತ ಆ ಒಂದು ಮಾತು ಚೆನ್ನಾಗಿದೆ.

ಓಮ್ಸ್ ಒಂದೇ ಇದ್ದರೂ ಹೀಗೆ ಯಾಕೆ? ನನ್ನ ಅನುಮಾನ ಮ್ಯಾಗ್ನೆಟ್ ಮೇಲೆ. '59ರಲ್ಲಿ ಅಲ್ನಿಕೊ 5 ಇದೆ, ಪರ್ಲಿ ಗೇಟ್ಸ್‌ನಲ್ಲಿ ಅಲ್ನಿಕೊ 2. ಎರಡೂ ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್, ಕಬ್ಬಿಣದ ಬೆರಕೆಯೇ, ಆದರೆ 5ರ ಶಕ್ತಿ ಜಾಸ್ತಿ. ಪರೀಕ್ಷೆ ಮಾಡೋಕೆ ಕೆಲವು ನೂರು ರೂಪಾಯಿ ಕೊಟ್ಟು ಅಲ್ನಿಕೊ 2ರ ಪಟ್ಟಿ ತರಿಸಿದೆ. '59ರ ಅಡಿಯ ಸ್ಕ್ರೂಗಳನ್ನು ಸಡಿಲಿಸಿ, ಮೇಣ ಕಿತ್ತು, ಹಳೇ ಪಟ್ಟಿ ಜಾರಿಸಿ ತೆಗೆದು ಹೊಸದು ತೂರಿಸಿದೆ. ಯಾವ ಮಗ್ಗುಲು ಉತ್ತರ ಅಂತ ಮೊದಲೇ ಮಾರ್ಕರ್‌ನಲ್ಲಿ ಗುರುತು ಹಾಕಿಕೊಳ್ಳಿ. ತಿರುಗಿಸಿ ಹಾಕಿದರೆ ಕುತ್ತಿಗೆಯ ಪಿಕಪ್ ಜೊತೆ ಸೇರಿಸಿದಾಗ ಸದ್ದು ಸೊರಗಿಹೋಗುತ್ತದೆ. ಮತ್ತೆ ತಂಗಿ, ಮತ್ತೆ ಇಡ್ಲಿ. ಈ ಸಲ ಮ್ಯಾಗ್ನೆಟ್ ಬದಲಿಸಿದ '59ರ ಮೂರು ತುಣುಕಿನಲ್ಲಿ ಎರಡನ್ನು ನಾನು ಪರ್ಲಿ ಗೇಟ್ಸ್ ಅಂದೆ. ಅನುಮಾನ ಬಹುಪಾಲು ನಿಜವಾಯಿತು.

ಆದರೆ ಆ ಭಾನುವಾರ ನನ್ನನ್ನು ನಿಜವಾಗಿ ಬೇಸ್ತು ಬೀಳಿಸಿದ್ದು ಕೇಬಲ್. ಕೊನೆಗೆ ಸುಮ್ನೆ ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗೋ 6 ಮೀಟರ್ ಕೇಬಲ್ ತೆಗೆದು 3 ಮೀಟರಿನದು ಚುಚ್ಚಿದೆ. ಅಷ್ಟೂ ಹೊತ್ತು ನಾನು ಹುಡುಕುತ್ತಿದ್ದ 'ಗಾಜು' ತಾನಾಗೇ ಬಂತು. ಮೂರೂ ಪಿಕಪ್‌ನಲ್ಲಿ! ಕೇಬಲ್ಲೂ ಒಂದು ಕೆಪಾಸಿಟರ್ರೇ, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಅಂದುಕೊಳ್ಳಿ. ಅದು ಪಿಕಪ್‌ನ ಇಂಡಕ್ಟೆನ್ಸ್ ಜೊತೆ ಸೇರಿ ಸದ್ದಿಗೆ ಒಂದು ದಿಬ್ಬ ಮಾಡುತ್ತದೆ, ಆ ಜಾಗದ ಸ್ವರಗಳು ಎದ್ದು ಕೇಳುತ್ತವೆ. ಇಂಥ ಪಿಕಪ್‌ಗೆ 4.5 ಹೆನ್ರಿ ಅಂತ ಹಿಡಿದರೆ, ಕೇಬಲ್ ಅರ್ಧ ಆದಾಗ ಆ ದಿಬ್ಬ 3,000 ಹರ್ಟ್ಜ್ ಆಸುಪಾಸಿನಿಂದ 4,000 ಆಸುಪಾಸಿಗೆ ಏರುತ್ತದೆ. ಸದ್ದು ಏರಿಸಿ ಇಳಿಸೋ ಗುಂಡಿಯ ಕೆಳಗಿನ ರೆಸಿಸ್ಟರ್, ಅಂದರೆ ವಾಲ್ಯೂಮ್ ಪಾಟ್ ಕೂಡ ಹಾಗೇ. 500ಕೆ (ಕಿಲೋ ಓಮ್) ಅಂತ ಬರೆದಿದ್ದ ಎರಡು ಪಾಟ್ ಅಳೆದೆ. ಒಂದು 512, ಇನ್ನೊಂದು 438. 20 ಪರ್ಸೆಂಟ್ ಆಚೀಚೆ ಇರೋದು ಪಾಟ್‌ಗಳಲ್ಲಿ ಮಾಮೂಲು. ಆ 438ರದನ್ನು ತೆಗೆದ ಮೇಲೆ ಗಿಟಾರಿನ ಮೇಲಿದ್ದ ಕಂಬಳಿ ತೆಗೆದ ಹಾಗಾಯಿತು. ಪಾಟ್‌ಗೆ ಒಂದು ಪಿಕಪ್‌ನ ಬೆಲೆಯ ಹತ್ತನೇ ಒಂದು ಪಾಲೂ ಆಗಲ್ಲ.

ಯಾವುದು ಒಳ್ಳೇದು ಅಂತ ಗೆಳೆಯರು ಕೇಳುತ್ತಾರೆ. ಈಗ ಗಿಟಾರಿನಲ್ಲಿರೋದು ಡಿಮಾರ್ಜಿಯೊ. ಕೊನೆಗೆ ಹಾಕಿದ್ದು ಅದನ್ನೇ, ತಂತಿ ಇನ್ನೂ ಹೊಸದಿದೆ, ಬಿಚ್ಚೋಕೆ ಮನಸ್ಸಿಲ್ಲ. ತಂತಿ ಬದಲಿಸುವಾಗ ಪರ್ಲಿ ಗೇಟ್ಸ್ ಹಾಕ್ತೀನಿ, ಅಪ್ಪ ಹೇಳಿದ ಆ ಲೋಡ್ ಈಗ ನನಗೂ ಕೇಳಿಸುತ್ತಿದೆ. '59 ಅಲ್ನಿಕೊ 2ರ ಜೊತೆಗೇ ಟಿಫಿನ್ ಡಬ್ಬಿಯಲ್ಲಿದೆ. ಅದರಿಂದ ತೆಗೆದ ಅಲ್ನಿಕೊ 5ರ ಪಟ್ಟಿ ವಾಪಸ್ ಹಾಕೋಣ ಅಂತ ಹುಡುಕಿದರೆ ಅಪ್ಪನ ಬೆಂಚಿನ ಮೇಲೆ ಸಿಕ್ಕಿತು. ದಾರ ಕಟ್ಟಿ ಇಟ್ಟುಕೊಂಡಿದ್ದಾರೆ. ಮೋಟರಿನೊಳಗೆ ಬಿದ್ದ ಸ್ಕ್ರೂ ತೆಗೆಯೋಕೆ ಬಲು ಚೆನ್ನಾಗಿದೆಯಂತೆ.