ಪೌರತ್ವ ಬದಲಿಸುವ ಮುನ್ನ ಎರಡೂ ದೇಶಗಳ ವಕೀಲರನ್ನು ಕೇಳಬೇಕು

ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಸೀಮೆಯ ಅನೇಕ ಮನೆಗಳ ಮಗನೋ ಮಗಳೋ ಈಗ ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಕಾಯಂ ಆಗಿ ನೆಲೆಸುವ ಪರವಾನಗಿಯಾದ ಗ್ರೀನ್ ಕಾರ್ಡ್ ಬಂದು 5 ವರ್ಷವಾಗುವ ಹೊತ್ತಿಗೆ ಅಲ್ಲಿನ ಪೌರತ್ವ ಪಡೆಯುವುದೋ ಬೇಡವೋ ಎಂಬ ಪ್ರಶ್ನೆ ಏಳುತ್ತದೆ. ಅದರ ಬೆನ್ನಿಗೇ ಊರಿನ ತೋಟ ಏನಾಗುತ್ತದೆ, ತಂದೆತಾಯಿಯರನ್ನು ಕರೆಸಿಕೊಳ್ಳಬಹುದೇ, ಮುಂದೆ ಮರಳಿ ಬರಬೇಕೆನಿಸಿದರೆ ದಾರಿ ಇದೆಯೇ ಎಂಬ ಪ್ರಶ್ನೆಗಳೂ ಸಾಲುಗಟ್ಟುತ್ತವೆ. ನನ್ನ ತಮ್ಮನ ವಿಷಯದಲ್ಲಿ ಇವೆಲ್ಲವೂ ಒಟ್ಟಿಗೇ ಎದುರಾದವು, ಊರಿನಲ್ಲಿರುವವಳು ನಾನೇ ಆದ್ದರಿಂದ ಇಲ್ಲಿಯ ಕಾಗದಪತ್ರಗಳ ಓಡಾಟವೆಲ್ಲ ನನ್ನ ಪಾಲಿಗೆ ಬಂತು. ಆ ಓಡಾಟದಿಂದ ನನಗೆ ದೃಢವಾದ ಮಾತೆಂದರೆ, ಇಂಥ ನಿರ್ಧಾರಕ್ಕೆ ಒಬ್ಬ ವಕೀಲರ ಸಲಹೆ ಸಾಲದು. ಅಮೆರಿಕದ ವಲಸೆ ವಕೀಲರಿಗೆ ನಮ್ಮ ಪಹಣಿ, ಪೌತಿ ಖಾತೆಗಳ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ) ವ್ಯವಹಾರ ತಿಳಿಯದು. ಕೋಲಾರದ ಸಿವಿಲ್ ವಕೀಲರಿಗೆ ಅಲ್ಲಿನ ವಲಸೆ ಕಾಯ್ದೆ ತಿಳಿಯದು. ಎರಡನ್ನೂ ಜೋಡಿಸಿ ನೋಡುವ ಹೊಣೆ ಮನೆಯವರದೇ.

ತಮ್ಮನಿಗೆ ಗ್ರೀನ್ ಕಾರ್ಡ್ ಆದದ್ದು ಅವನ ಕಂಪನಿಯ ಮೂಲಕ. ಆ ಅರ್ಜಿಗಳನ್ನು ನೋಡಿಕೊಂಡ ವಕೀಲರನ್ನೇ ಪೌರತ್ವಕ್ಕೂ ಕೇಳೋಣವೆಂದು ಅವನು ಹೇಳಿದಾಗ ನಾನು ಬೇಡವೆಂದೆ. ಕಂಪನಿ ಶುಲ್ಕ ಕೊಟ್ಟು ಇರಿಸಿಕೊಂಡ ವಕೀಲರು ಕಂಪನಿಯ ಹಿತವನ್ನೂ ಕಾಯಬೇಕಾದವರು. ಕೆಲಸ ಬಿಡುವ, ದೀರ್ಘ ರಜೆ ಹಾಕಿ ಊರಿಗೆ ಬರುವ ಆಲೋಚನೆಗಳನ್ನು ಅವರ ಮುಂದೆ ಮನಬಿಚ್ಚಿ ಹೇಳುವುದು ಸುಲಭವಲ್ಲ. ವಲಸೆಯು ಅಲ್ಲಿ ಕೇಂದ್ರ ಸರ್ಕಾರದ ಕಾಯ್ದೆಗೆ ಸೇರಿದ್ದರಿಂದ ಯಾವ ರಾಜ್ಯದಲ್ಲಿ ಪರವಾನಗಿ ಪಡೆದ ವಕೀಲರಾದರೂ ಈ ಕೆಲಸ ಮಾಡಬಹುದು, ಆ ಪರವಾನಗಿ ಚಾಲ್ತಿಯಲ್ಲಿದೆಯೇ ಎಂಬುದನ್ನು ಆ ರಾಜ್ಯದ ಬಾರ್‌ನ, ಅಂದರೆ ವಕೀಲರ ಪರಿಷತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ವಕೀಲರನ್ನು ಬಿಟ್ಟರೆ ಅಲ್ಲಿನ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳಿಗೆ ಮಾತ್ರ ಇಂಥ ಕಾನೂನು ಸಲಹೆ ಕೊಡುವ ಅಧಿಕಾರವಿದೆ. ಇಲ್ಲಿ ಬೋರ್ಡು ಹಾಕಿಕೊಂಡ ವೀಸಾ ಏಜೆಂಟರು ಅರ್ಜಿ ತುಂಬಿಕೊಡಬಲ್ಲರೇ ಹೊರತು ಅವರ ಮಾತನ್ನು ಕಾನೂನೆಂದು ನಂಬಿ ಹೆಜ್ಜೆ ಇಡಬಾರದು.

ಹೊಸ ವಕೀಲರು ವಿಡಿಯೋ ಕರೆಯಲ್ಲಿ ಮೊದಲು ಕೇಳಿದ್ದು ಪ್ರಯಾಣದ ದಿನಾಂಕಗಳನ್ನು. ನನ್ನ ತಮ್ಮ ಹಳೆಯ, ಹೊಸ ಪಾಸ್‌ಪೋರ್ಟುಗಳೆರಡನ್ನೂ ಮುಂದಿಟ್ಟುಕೊಂಡು ಒಂದೊಂದೇ ಮುದ್ರೆಯನ್ನು ಓದಿ ಹೇಳಿದ. ಶಾಯಿ ಹರಡಿ ಅಂಕಿ ಅಳಿಸಿದ ಕಡೆ ವಿಮಾನದ ಟಿಕೆಟ್ ಹುಡುಕಿ ತೆಗೆದ. ಅಪ್ಪನ ಹೃದಯದ ಚಿಕಿತ್ಸೆಗೆಂದು ಬಂದವನು ಆರು ತಿಂಗಳು ದಾಟಿ ಇಲ್ಲಿ ಉಳಿದಿದ್ದ. ಗ್ರೀನ್ ಕಾರ್ಡ್ ಇರುವವರು ಪೌರತ್ವಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ 5 ವರ್ಷ ನಿರಂತರವಾಗಿ ಅಲ್ಲಿ ವಾಸವಿರಬೇಕು, ಅದರಲ್ಲಿ ಕನಿಷ್ಠ 30 ತಿಂಗಳು ಆ ನೆಲದ ಮೇಲೇ ಇದ್ದಿರಬೇಕು. ಒಂದೇ ಪ್ರಯಾಣ ಆರು ತಿಂಗಳು ಮೀರಿದರೆ ವಾಸದ ನಿರಂತರತೆ ಮುರಿಯಿತೆಂದೇ ಅಧಿಕಾರಿ ಭಾವಿಸುತ್ತಾರೆ, ಮುರಿದಿಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ತಮ್ಮನ ಕೆಲಸ ಆ ಅವಧಿಯಲ್ಲೂ ಉಳಿದಿತ್ತು, ಹೆಂಡತಿ ಮಕ್ಕಳು ಅಲ್ಲೇ ಇದ್ದರು, ಬಾಡಿಗೆ ಮನೆಯ ಕರಾರು ಮುಂದುವರಿದಿತ್ತು. ಇವುಗಳ ಪತ್ರಗಳನ್ನೂ ಅಪ್ಪನ ಆಸ್ಪತ್ರೆಯ ಬಿಡುಗಡೆ ಪತ್ರವನ್ನೂ ಜೊತೆಗಿಡಲು ವಕೀಲರು ಹೇಳಿದರು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿರಬೇಕಾಗಿ ಬಂದರೆ ಮರುಪ್ರವೇಶದ ಪರವಾನಗಿಯನ್ನು ಅಮೆರಿಕದಲ್ಲಿ ಇರುವಾಗಲೇ ಕೇಳಬೇಕು, ಊರಿಗೆ ಬಂದ ಮೇಲೆ ಅದಕ್ಕೆ ಅರ್ಜಿ ಹಾಕಲಾಗದು ಎಂಬುದನ್ನೂ ಅವರಿಂದಲೇ ತಿಳಿದೆವು. ವಯಸ್ಸಾದ ತಂದೆತಾಯಿ ಇರುವ ಪ್ರತಿ ಮನೆಗೂ ಈ ಮಾತು ಗೊತ್ತಿರಬೇಕೆಂದು ನನಗನ್ನಿಸುತ್ತದೆ.

ಹೆಸರಿನ ವಿಷಯದಲ್ಲಿ ನಾವು ಬಹಳ ಹೊತ್ತು ನಿಲ್ಲಬೇಕಾಯಿತು. ನಮ್ಮ ಕಡೆಯ ಅನೇಕರಂತೆ ತಮ್ಮನದೂ ಒಂದೇ ಪದದ ಹೆಸರು; ಪಾಸ್‌ಪೋರ್ಟಿನಲ್ಲಿ ಅದು ಒಂದು ಖಾನೆಯಲ್ಲಿದ್ದು ಇನ್ನೊಂದು ಖಾನೆ ಖಾಲಿ ಇತ್ತು. ಅಮೆರಿಕದ ವೀಸಾದಲ್ಲಿ ಆ ಖಾಲಿ ಜಾಗಕ್ಕೆ, ಮೊದಲ ಹೆಸರು ತಿಳಿಯದು ಎಂಬರ್ಥದ ‘ಎಫ್‌ಎನ್‌ಯು’ ಅಕ್ಷರಗಳು ಬಂದು ಕೂತವು, ಮುಂದೆ ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಅವೇ ಅವನ ಹೆಸರಾದವು. ಪೌರತ್ವದ ಅರ್ಜಿಯಾದ ಎನ್-400ರಲ್ಲೇ ಹೆಸರು ಬದಲಾವಣೆಯನ್ನೂ ಕೋರಬಹುದು, ನ್ಯಾಯಾಲಯದ ಮೂಲಕ ಅದು ನೆರವೇರುತ್ತದೆ ಎಂದು ವಕೀಲರು ಹೇಳಿದಾಗ ತಮ್ಮನಿಗೆ ಬಹಳ ಸಮಾಧಾನವಾಯಿತು. ಅಪ್ಪನ ಹೆಸರನ್ನೇ ಕೊನೆಯ ಹೆಸರಾಗಿ ಇಟ್ಟುಕೊಳ್ಳುವುದೆಂದು ಅಂದೇ ನಿಶ್ಚಯಿಸಿದ.

ಕೋಲಾರದ ನಮ್ಮ ವಕೀಲರು ಇದನ್ನು ಕೇಳಿದ ಕೂಡಲೇ ಪೆನ್ನು ಕೆಳಗಿಟ್ಟು, “ಅಮ್ಮ, ನಾಳೆ ಪೌತಿ ಖಾತೆಗೆ ಹೋದಾಗ ಈ ಹೊಸ ಹೆಸರಿನವರು ನಿಮ್ಮ ತಂದೆಯ ಮಗನೇ ಎಂದು ಯಾರು ಹೇಳಬೇಕು?” ಎಂದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಸಹಿತ ಹೆಸರಿತ್ತು, ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇನಿಷಿಯಲ್ ಇಲ್ಲದೆ ಮನೆದೇವರ ಹೆಸರು ಸೇರಿತ್ತು, ವಂಶವೃಕ್ಷದಲ್ಲಿ ಮನೆಯಲ್ಲಿ ಕರೆಯುವ ಹೆಸರಿತ್ತು. ಶಾಲೆಯ ಆ ಪುಸ್ತಕದ ರಟ್ಟು ಕಿತ್ತುಹೋಗಿ ದಾರದಲ್ಲಿ ಕಟ್ಟಲ್ಪಟ್ಟಿತ್ತು; ಮುಖ್ಯೋಪಾಧ್ಯಾಯರು ಆ ಸಾಲಿನ ಕೆಳಗೆ ಅಡ್ಡಪಟ್ಟಿ ಇಟ್ಟು ಅಕ್ಷರ ಅಕ್ಷರವಾಗಿ ನಕಲು ಮಾಡಿ ಮೊಹರು ಒತ್ತಿಕೊಟ್ಟರು. ವಕೀಲರು ಈ ಎಲ್ಲ ಹೆಸರುಗಳನ್ನೂ ಹೊಸ ಹೆಸರಿನ ಜೊತೆ ‘ಉರುಫ್’ ಹಾಕಿ ಒಂದೇ ಅಫಿಡವಿಟ್ಟಿಗೆ ತಂದರು, ಅಮೆರಿಕದ ನ್ಯಾಯಾಲಯ ಕೊಡುವ ಹೆಸರು ಬದಲಾವಣೆಯ ದಾಖಲೆಯನ್ನು ಎಂದೂ ಕಳೆಯಬಾರದೆಂದು ತಮ್ಮನಿಗೆ ಫೋನಿನಲ್ಲೇ ಹೇಳಿದರು. ಅಲ್ಲಿನ ವಕೀಲರಿಗೆ ಈ ತೊಡಕು ಹೊಳೆಯುವಂತಿರಲಿಲ್ಲ. ಅದು ಅವರ ಕೊರತೆಯೂ ಅಲ್ಲ.

ತೋಟದ ವಿಷಯದಲ್ಲಿ ಊರಿನಲ್ಲಿ ಹರಡಿರುವ ಮಾತು ಬೇರೆ, ಕಾಯ್ದೆ ಬೇರೆ. ಅಮೆರಿಕದ ಪೌರನಾದರೆ ಜಮೀನು ಕೈತಪ್ಪುತ್ತದೆ ಎಂದು ಅಪ್ಪನಿಗೆ ಯಾರೋ ಹೇಳಿದ್ದರು, ಹಾಗಾಗಿ ಈಗಲೇ ಮಾವಿನ ತೋಟದ ಅರ್ಧ ಭಾಗಕ್ಕೆ ಮಗನ ಹೆಸರಿಗೆ ದಾನಪತ್ರ ಮಾಡಿಬಿಡುತ್ತೇನೆಂದು ಅವರು ಹಟ ಹಿಡಿದಿದ್ದರು. ವಾಸ್ತವದಲ್ಲಿ 1999ರ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳ ಪ್ರಕಾರ ವಿದೇಶದಲ್ಲಿ ನೆಲೆಸಿದ ಭಾರತೀಯ ಪೌರನೂ ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಸಾಗರೋತ್ತರ ಭಾರತೀಯ ಪೌರ ಕಾರ್ಡ್, ಅಂದರೆ ಒಸಿಐ ಕಾರ್ಡ್ ಹೊಂದಿದವನೂ ಕೃಷಿ ಜಮೀನನ್ನು ಕ್ರಯಕ್ಕೆ ಪಡೆಯುವಂತಿಲ್ಲ, ದಾನವಾಗಿಯೂ ಪಡೆಯುವಂತಿಲ್ಲ. ಅಂದರೆ ಭಾರತದ ಪಾಸ್‌ಪೋರ್ಟ್ ಇದ್ದಾಗಲೂ ಆ ದಾನಪತ್ರ ನಿಲ್ಲುತ್ತಿರಲಿಲ್ಲ. ಆದರೆ ಉತ್ತರಾಧಿಕಾರವಾಗಿ ಬಂದ ಜಮೀನನ್ನು ಇಬ್ಬರೂ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ವಾಸಿಸುವ ಭಾರತೀಯ ಪೌರರಿಗೇ ಮಾರಬೇಕು. ತೋಟ ಅಪ್ಪನ ಸ್ವಯಾರ್ಜಿತವೆಂದು ಖಚಿತಪಡಿಸಿಕೊಂಡ ಮೇಲೆ ವಕೀಲರು ವಿಲ್ ಬರೆಸಿ ಎಂದರು. ವಿಲ್ಲಿಗೆ ನೋಂದಣಿ ಕಡ್ಡಾಯವಲ್ಲದಿದ್ದರೂ ನಾವು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದನ್ನು ನೋಂದಾಯಿಸಿದೆವು.

ತಂದೆತಾಯಿಗೆ ಗ್ರೀನ್ ಕಾರ್ಡ್ ಮಾಡಿಸಬಹುದೇ ಎಂಬ ಪ್ರಶ್ನೆಗೆ ಅಲ್ಲಿನ ವಕೀಲರು ಕೊಟ್ಟ ಉತ್ತರವನ್ನು ನಾನು ಗೌರವದಿಂದ ನೆನೆಯುತ್ತೇನೆ. 21 ವರ್ಷ ತುಂಬಿದ ಪೌರರು ತಂದೆತಾಯಿಗಾಗಿ ಅರ್ಜಿ ಹಾಕಬಹುದು, ಅದಕ್ಕೆ ವಾರ್ಷಿಕ ಮಿತಿಯ ಕಾಯುವಿಕೆಯೂ ಇಲ್ಲ, ಅರ್ಜಿ ಹಾಕಿಸಿದ್ದರೆ ಅವರಿಗೆ ಶುಲ್ಕ ಬರುತ್ತಿತ್ತು. ಆದರೂ ಅವರು ಅಮ್ಮನನ್ನು ನೇರವಾಗಿ ಕೇಳಿದ್ದು ಎಲ್ಲಿ ಇರಲು ಇಷ್ಟ ಎಂದು. “ಮೊಮ್ಮಕ್ಕಳನ್ನ ನೋಡ್ಕೊಂಡು ಬಂದ್ರೆ ಸಾಕು, ಅಲ್ಲೇ ಇರೋಕಾಗಲ್ಲ” ಎಂದು ಅಮ್ಮ ಹೇಳಿದ್ದನ್ನು ತಮ್ಮ ಅನುವಾದಿಸಿದ ಮೇಲೆ, ಗ್ರೀನ್ ಕಾರ್ಡ್ ಅಲ್ಲಿ ನೆಲೆಸುವವರಿಗೆ ಇರುವುದು, ನಿಮಗೆ ಪ್ರವಾಸಿ ವೀಸಾವೇ ಸರಿ ಎಂದು ತಿಳಿಸಿದರು.

ಇನ್ನು ಭಾರತದ ಪೌರತ್ವದ ಮಾತು. ನಮ್ಮಲ್ಲಿ ಉಭಯ ಪೌರತ್ವವಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಇಲ್ಲಿಯದು ಕೊನೆಗೊಳ್ಳುತ್ತದೆ. ಆಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, ಅದರ ಪ್ರಮಾಣಪತ್ರ ಪಡೆದು, ಒಸಿಐ ಕಾರ್ಡಿಗೆ ಅರ್ಜಿ ಹಾಕಬೇಕು. ಆ ಕಾರ್ಡಿನಿಂದ ಬಂದು ಹೋಗಲು, ಇಲ್ಲಿ ಬೇಕಾದಷ್ಟು ಕಾಲ ಇರಲು ಅಡ್ಡಿಯಿಲ್ಲ. ಆದರೆ ಮತದಾನದ ಹಕ್ಕು ಹೋಗುತ್ತದೆ, ತಮ್ಮನಿಗೆ ನಿಜವಾಗಿ ನೋವಾದದ್ದು ಅಲ್ಲಿಯೇ. ಒಸಿಐ ಆಗಿ 5 ವರ್ಷ ತುಂಬಿ, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲಿ ವಾಸವಿದ್ದವರು ಮತ್ತೆ ಭಾರತದ ಪೌರರಾಗಿ ನೋಂದಾಯಿಸಿಕೊಳ್ಳಲು ಕೋರಬಹುದೆಂದು ಅದೇ ಕಾಯ್ದೆಯ 5ನೇ ಕಲಮಿನಲ್ಲಿದೆ. ಆಗ ಅಮೆರಿಕದ ಪೌರತ್ವವನ್ನು ಬಿಡಬೇಕಾಗುತ್ತದೆ. ಇದನ್ನು ಕೋಲಾರದ ವಕೀಲರ ಬಾಯಿಂದ ಕೇಳಿಸಿಕೊಂಡ ಮೇಲೆಯೇ ತಮ್ಮ ಎನ್-400ಕ್ಕೆ ಸಹಿ ಹಾಕಿದ.