8 ಇಂಚಿನ ಕನ್ನಡಿ: ಅಂಚಿನ ಕಾಟ ತಗ್ಗಿತು, ಜಗಳವೂ ತಗ್ಗಿತು

ರೋಂಕಿ ಗೆರೆಗಳು ಕೊನೆಗೂ ಅಂಚಿನವರೆಗೆ ನೆಟ್ಟಗೆ ನಿಂತಿವೆ! (ಕನ್ನಡಿಯ ಆಕಾರ ಪರೀಕ್ಷಿಸಲು ಗೆರೆಗಳ ಜಾಲರಿಯ ಮೂಲಕ ನೋಡಿದಾಗ ಅದರ ಮೇಲೆ ಕಾಣುವ ಪಟ್ಟೆಗಳಿವು.) 8 ಇಂಚು ಅಗಲ, ಎಫ್/6 (ನಾಭಿದೂರ ಅಗಲದ ಆರು ಪಟ್ಟು), ದೂರದರ್ಶಕಕ್ಕಾಗಿ ನಾವು ಐದು ಜನ ಸೇರಿ ಮಾಡುತ್ತಿರುವ ಮೊದಲ ಕನ್ನಡಿ. 80ರ ಕಾರ್ಬೋರಂಡಮ್ ಎಂಬ ಒರಟು ಪುಡಿಯಲ್ಲಿ ಗಾಜಿಗೆ ಗುಂಡಿ ತೋಡಿದ್ದು, ಒಂದೊಂದೇ ನುಣುಪು ಪುಡಿಗೆ ಇಳಿದದ್ದು, ಬೆವೆಲ್ ಹೊಡೆದದ್ದು (ಅಂಚಿನ ಚೂಪನ್ನು ಓರೆಯಾಗಿ ಸವೆಸುವುದು) ಎಲ್ಲ ಬೇರೆ ಕಥೆ, ಬಿಡಿ. ಪಾಲಿಶ್ ಹಂತದಲ್ಲಿ ಅಂಟಿಕೊಂಡ ಅಂಚಿನ ಕಾಟದ ಬಗ್ಗೆ ಮಾತ್ರ ಬರೆಯುತ್ತೇನೆ.

ರೋಗಲಕ್ಷಣ ಇಷ್ಟೇ: ಎಲ್ಲ ಗೆರೆಗಳ ತುದಿಯೂ ಕೊಕ್ಕೆಯಂತೆ ಬಾಗುತ್ತಿತ್ತು. ಇದಕ್ಕೆ ಟರ್ನ್ಡ್ ಎಡ್ಜ್ ಅಂತಾರೆ, ಅಂದರೆ ಅಂಚು ಜಾಸ್ತಿ ಸವೆದು ಕುಸಿದಿರುವುದು. ಕೊನೆಯ 5 ಮಿಲಿಮೀಟರ್ ತಾನೇ ಅನ್ನಬೇಡಿ. 8 ಇಂಚಿನ ಕನ್ನಡಿಯಲ್ಲಿ ಆ ಉಂಗುರ ಒಟ್ಟು ವಿಸ್ತೀರ್ಣದ ಹತ್ತರಲ್ಲಿ ಒಂದು ಪಾಲು. ಅಲ್ಲಿಂದ ಬಂದ ಬೆಳಕು ಚುಕ್ಕಿಗೆ ಸೇರದೆ ಸುತ್ತ ಹರಡಿದರೆ ಗುರು ಗ್ರಹದ ಪಟ್ಟೆಗಳ ಆಸೆ ಬಿಟ್ಟಂತೆಯೇ.

ಮದ್ದು ಹುಡುಕಲು ಪ್ರತಿ ಭಾನುವಾರ ಸಭೆ. ಸಭೆ ಅಂದರೆ ಜಗಳ. ನಮ್ಮ ಮೇಷ್ಟ್ರು "ಸ್ಟ್ರೋಕ್ ಉದ್ದ ಆಯ್ತು" (ಸ್ಟ್ರೋಕ್ ಎಂದರೆ ಉಜ್ಜುವಾಗ ಕೈ ಹಿಂದೆ ಮುಂದೆ ಓಡುವ ದೂರ) ಅಂದರೆ ಅಲ್ಲಿಗೆ ಮುಗಿಯಿತು. ಅವರು ಮಾಡಿದ ದೂರದರ್ಶಕದಲ್ಲೇ ನಾವೆಲ್ಲ ಮೊದಲ ಸಲ ಶನಿಯ ಬಳೆ ನೋಡಿದ್ದು, ಎದುರಾಡುವವರು ಯಾರು? ಇನ್ನೊಬ್ಬರಿಗೆ ಪಾಲಿಶ್ ಪುಡಿ ಸೀರಿಯಂ ಆಕ್ಸೈಡ್ ಮೇಲೆ ಅನುಮಾನ. ಅದಕ್ಕೂ ಕಾರಣ ಇತ್ತು: ಒಂದೇ ಅಂಗಡಿಯಿಂದ ತಂದ ಎರಡು ಪೊಟ್ಟಣ ಎರಡು ಬಣ್ಣದ್ದು. ಅಂಗಡಿಯವನನ್ನು ಕೇಳಿದರೆ "ಗ್ರಾನೈಟ್‌ನವರು ಯಾರೂ ಕಂಪ್ಲೇಂಟ್ ಮಾಡಿಲ್ಲ ಸಾರ್" ಅಂದ. ಗ್ರಾನೈಟ್‌ನಲ್ಲಿ ಯಾರಪ್ಪಾ ಗುರು ಗ್ರಹ ನೋಡ್ತಾರೆ! ಕೊನೆಗೆ ಎಲ್ಲರ ಮಾತೂ ನಡೆಯಲಿ ಅಂತ ಸ್ಟ್ರೋಕು, ಒತ್ತಡ, ಪುಡಿ ಮೂರನ್ನೂ ಒಟ್ಟಿಗೆ ಬದಲಿಸುವುದು. ಕೊಕ್ಕೆ ಒಂದು ವಾರ ಕುಗ್ಗುತ್ತಿತ್ತು, ಮುಂದಿನ ವಾರ ಹಿಗ್ಗುತ್ತಿತ್ತು. ಯಾವುದರಿಂದ ಅಂತ ದೇವರಿಗೇ ಗೊತ್ತು.

ಹಾಗಾದರೆ ಬ್ರೈನ್‌ಸ್ಟಾರ್ಮಿಂಗ್ ಮಾಡೋಣ ಅಂದರು. ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್ ಹೇಳಿಕೊಟ್ಟ ನಿಯಮಗಳು: ಮೊದಲೇ ತೀರ್ಪು ಬೇಡ, ಐಡಿಯಾ ಜಾಸ್ತಿ ಬರಲಿ, ಹುಚ್ಚು ಐಡಿಯಾನೂ ಬರಲಿ, ಒಬ್ಬರದ್ದರ ಮೇಲೆ ಇನ್ನೊಬ್ಬರು ಕಟ್ಟಲಿ. ನಿಯಮ ಚೆನ್ನಾಗಿದೆ. ಆದರೆ ನಮ್ಮಲ್ಲಿ ಮಾತಾಡಿದ್ದು ಇಬ್ಬರೇ, ಉಳಿದವರು ಚಹಾ ಕುಡಿದರು. ಇದು ನಮ್ಮೊಬ್ಬರ ಕಥೆ ಅಲ್ಲ. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಅಳೆದು ನೋಡಿದ್ದಾರೆ. ನಾಲ್ವರು ಒಟ್ಟಿಗೆ ಕೂತು ಕೊಟ್ಟ ಐಡಿಯಾಗಳಿಗಿಂತ, ನಾಲ್ವರು ಬೇರೆ ಬೇರೆ ಕೂತು ಬರೆದದ್ದನ್ನು ಸೇರಿಸಿದಾಗ ಜಾಸ್ತಿ ಸಿಕ್ಕವು. ಒಬ್ಬರು ಮಾತಾಡುವಾಗ ಮಿಕ್ಕವರು ತಮ್ಮ ಸರದಿ ಕಾಯಬೇಕು. ಕಾಯುತ್ತಾ ಹೇಳಬೇಕಾದ್ದೇ ಮರೆತುಹೋಗುತ್ತದೆ.

ಅದಕ್ಕೇ ಬಾಯಿ ಮುಚ್ಚಿ ಬರೆಯುವ ದಾರಿ ಹಿಡಿದೆವು. ಜರ್ಮನಿಯ ಬರ್ನ್ಡ್ ರೋರ್‌ಬಾಖ್ 1968ರಲ್ಲಿ ತಂದ 6-3-5 ಪದ್ಧತಿ: ಆರು ಜನ, ತಲಾ ಮೂರು ಐಡಿಯಾ, ಐದು ನಿಮಿಷ, ಆಮೇಲೆ ಹಾಳೆ ಪಕ್ಕದವರಿಗೆ. ನಾವು ಐದೇ ಜನ, ಆದ್ದರಿಂದ 5-3-5. ಹಾಳೆಯ ಮೇಲೆ ಹೆಸರಿಲ್ಲ. ಮೇಷ್ಟ್ರು ಕೊನೆಗೆ ಮಾತಾಡಬೇಕು (ಒಪ್ಪಿಸಲು ಮಸಾಲೆ ದೋಸೆ ಬೇಕಾಯ್ತು).

ಇನ್ನೊಂದು ನಿಯಮ ನಾನೇ ಹಟ ಹಿಡಿದು ಸೇರಿಸಿದ್ದು: ಶೆಡ್ಡಿನಲ್ಲಿ ಇರುವುದರಲ್ಲೇ ಆಗಬೇಕು. 1970ರ ಅಪೊಲೊ 13 ನೆನಪಿದೆಯಲ್ಲ? ಇಂಗಾಲದ ಡೈಆಕ್ಸೈಡ್ ಹೀರುವ ಚೌಕ ಡಬ್ಬಿಯನ್ನು ದುಂಡು ಡಬ್ಬಿಯ ವ್ಯವಸ್ಥೆಗೆ ಜೋಡಿಸಬೇಕಿತ್ತು. ನೆಲದ ಮೇಲಿನ ತಂಡ ನೌಕೆಯೊಳಗೆ ಏನಿದೆಯೋ ಅಷ್ಟರಲ್ಲೇ, ಪ್ಲಾಸ್ಟಿಕ್ ಚೀಲ, ರಟ್ಟು, ಟೇಪು, ಮೆದುಗೊಳವೆಗಳಲ್ಲೇ ದಾರಿ ಹುಡುಕಿತು. ಈ ನಿಯಮ ಇಲ್ಲದಿದ್ದರೆ ನಮ್ಮ ಪ್ರತಿ ಚರ್ಚೆಯೂ "ಅಮೆರಿಕದಿಂದ ಒಳ್ಳೆ ಪಿಚ್ ತರಿಸೋಣ" (ಪಿಚ್ ಅಂದರೆ ಪಾಲಿಶ್‌ಗೆ ಬಳಸುವ ಅಂಟುರಾಳ) ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಕಳೆದ ಸಲ ತರಿಸಿದ ಪಿಚ್ ಎಲ್ಲಿದೆ? ಕೊರಿಯರ್‌ನವರ ಗೋದಾಮಿನಲ್ಲೇ ಕರಗಿ ಪೆಟ್ಟಿಗೆಗೆ ಅಂಟಿ ಬಂದಿತ್ತು.

ಹಾಳೆಗಳು ಎರಡು ಸುತ್ತು ಹೋದ ಮೇಲೆ ಒಂದು ಸಾಲು ಕಂಡಿತು: "ಉಗುರು ಪರೀಕ್ಷೆ ಬೆಳಿಗ್ಗೆ ಮಾಡ್ತೀವಿ. ಉಜ್ಜೋದು ಮಧ್ಯಾಹ್ನ." (ಉಗುರು ಪರೀಕ್ಷೆ ಅಂದರೆ ರಾಳಕ್ಕೆ ಉಗುರು ಒತ್ತಿ ಗಟ್ಟಿತನ ನೋಡುವುದು.) ಅದರ ಕೆಳಗೆ ಇನ್ನೊಬ್ಬರು, "ಶೆಡ್ಡಿನ ಶೀಟಿನ ಕೆಳಗೆ ಎಷ್ಟು ಬಿಸಿ ಇರುತ್ತೆ?" ಅಂತ ಸೇರಿಸಿದ್ದರು. ಮೊದಲ ಸಾಲು ಬರೆದದ್ದು ಬ್ಯಾಂಕ್ ಕೆಲಸದ ಅಕ್ಕ ಅಂತ ಆಮೇಲೆ ಗೊತ್ತಾಯ್ತು. ಸಭೆಗಳಲ್ಲಿ ಅವರು ತುಟಿ ಬಿಚ್ಚಿದ್ದೇ ಅಪರೂಪ.

ಥರ್ಮಾಮೀಟರ್ ಇಟ್ಟು ನೋಡಿದೆವು. ಬೆಳಿಗ್ಗೆ 22 ಡಿಗ್ರಿ, ಮಧ್ಯಾಹ್ನ 36. ನಮ್ಮ ಲ್ಯಾಪು (ಕನ್ನಡಿಯನ್ನು ಉಜ್ಜುವ ರಾಳದ ಹಾಸು) ರಾಳಕ್ಕೆ ಹರಳೆಣ್ಣೆ ಬೆರೆಸಿ ಕಾಯಿಸಿದ್ದು. ಬೆಳಗಿನ ತಂಪಿನಲ್ಲಿ ಉಗುರಿಗೆ ಸರಿಯಾಗಿ ಸಿಗುವ ರಾಳ ಮಧ್ಯಾಹ್ನ ಮೆತ್ತಗಾಗುತ್ತದೆ. ಕನ್ನಡಿಯ ಅಂಚು ಅದರಲ್ಲಿ ಹೂತುಕೊಂಡು ಜಾಸ್ತಿ ಸವೆಯುತ್ತದೆ.

ಇಲ್ಲೂ ಆತುರ ಬಿಡಲಿಲ್ಲ. ಹೊಸ ಲ್ಯಾಪು, ಗಿಡ್ಡ ಸ್ಟ್ರೋಕು ಎಲ್ಲ ಈಗಲೇ ಶುರು ಮಾಡೋಣ ಅಂದರು. ಬೇಡ, ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ತಡೆದೆವು. ಅದೇ ಲ್ಯಾಪು, ಅದೇ ಪುಡಿ, ಅದೇ ಸ್ಟ್ರೋಕು, ಹೊತ್ತು ಮಾತ್ರ ಬೆಳಗಿನ ಜಾವ. ಕೊಕ್ಕೆ ವಾರದಿಂದ ವಾರಕ್ಕೆ ಕಿರಿದಾಗುತ್ತಾ ಹೋಯಿತು. ಆಮೇಲಷ್ಟೇ ಹರಳೆಣ್ಣೆ ಕಡಿಮೆ ಹಾಕಿದ ಗಟ್ಟಿ ಲ್ಯಾಪು ಎರೆದೆವು. ಈಗ ಉಳಿದಿರುವ ಕುಸಿತ ಬೆವೆಲ್‌ನೊಳಗೇ ಅಡಗಿದೆ. ಮೇಷ್ಟ್ರು ಮಾತ್ರ ಸ್ಟ್ರೋಕ್ ಉದ್ದವೇ ಇತ್ತು ಅಂತ ಈಗಲೂ ಗೊಣಗುತ್ತಾರೆ. ಇರಬಹುದು ಕೂಡ.

ಅಂದ ಹಾಗೆ, ಮುಂದೆ ಮಾಡಬೇಕೆಂದಿರುವ 10 ಇಂಚಿನ ಕನ್ನಡಿಯನ್ನು ಕೈಯಲ್ಲಿ ಉಜ್ಜಲು ಯಾರಿಗೂ ಸೊಂಟ ಉಳಿದಿಲ್ಲ. ಹಳೇ ವೆಟ್ ಗ್ರೈಂಡರ್ ಮೋಟಾರಿನಿಂದ ಉಜ್ಜುವ ಯಂತ್ರ ಕಟ್ಟುವ ಯೋಚನೆ ಇದೆ. ವೇಗ ತಗ್ಗಿಸುವುದು ಬೆಲ್ಟಿನಲ್ಲೋ ಗೇರಿನಲ್ಲೋ ಅಂತ ಹಾಳೆ ತಿರುಗುತ್ತಿದೆ. ಅಷ್ಟರಲ್ಲಿ ಸುದ್ದಿ ಹಬ್ಬಿ ಒಬ್ಬರ ಮನೆಯಲ್ಲಿ ಗ್ರೈಂಡರ್ ಇದ್ದ ಕೋಣೆಗೆ ಬೀಗ ಬಿದ್ದಿದೆ.

ಸದ್ಯಕ್ಕೆ ಪ್ಯಾರಾಬೋಲ, ಅಂದರೆ ಕನ್ನಡಿಯ ಗುಂಡಿಯನ್ನು ಗೋಳದ ಆಕಾರದಿಂದ ಪರವಲಯಕ್ಕೆ ತರುವ ಹಂತ. ಫೂಕೋ ಪರೀಕ್ಷೆಗೆ (ಬೆಳಕಿಗೆ ಬ್ಲೇಡು ಅಡ್ಡ ಹಿಡಿದು ನೆರಳಿನಿಂದ ಆಕಾರ ಅಳೆಯುವುದು) ಕೌಡರ್ ಮಾಸ್ಕ್, ಅಂದರೆ ಕನ್ನಡಿಯ ಬೇರೆ ಬೇರೆ ವಲಯ ಮಾತ್ರ ತೋರಿಸುವ ಕಿಂಡಿಗಳ ಹಾಳೆ, ಕತ್ತರಿಸಿ ಇಟ್ಟಾಗಿದೆ, ಬರುವ ಭಾನುವಾರ ಬೆಳಗಿನ ಜಾವ W ಆಕಾರದಲ್ಲಿ ಉಜ್ಜುವ ಡಬ್ಲ್ಯು ಸ್ಟ್ರೋಕ್ ಶುರು.