ಹದಿನೇಳು ಹಾಕಿಸುವ ಮುಂಚೆ: ಮಲೆನಾಡಿನ ಟೈರ್ ಕೌಂಟರ್‌ನಿಂದ

ಮೇ ಕೊನೆಯಲ್ಲಿ ಶಿವಮೊಗ್ಗದ ಯಾವ ಟೈರ್ ಅಂಗಡಿಯಲ್ಲಿ ನಿಂತರೂ ಕಿವಿಗೆ ಬೀಳುವ ಪ್ರಶ್ನೆ ಒಂದೇ: “ಹದಿನಾರು ತೆಗೆದು ಹದಿನೇಳು ಹಾಕಿಸಿದ್ರೆ ಹೇಗೆ?” ಅಂದರೆ 16 ಇಂಚಿನ ರಿಮ್ ಬದಲು 17 ಇಂಚಿನದು. ಕೇಳುವವರದ್ದು ವರ್ಟಸ್ ಜಿಟಿ, ಸ್ಲಾವಿಯಾ, ಐ20 ಎನ್ ಲೈನ್, ಇಲ್ಲವೇ ಜೋಪಾನ ಮಾಡಿಟ್ಟ ಆಕ್ಟೇವಿಯಾ ಆರ್‌ಎಸ್. ಇದಕ್ಕೆ ಉತ್ತರ ಹೇಳುವ ಮೊದಲು ನಾವು ಕೇಳಬೇಕಾದದ್ದು ಇನ್ನೊಂದು: ಕಾರು ಹೆಚ್ಚಾಗಿ ಎತ್ತ ಹೋಗುತ್ತೆ? ಕಡೂರು, ಅರಸೀಕೆರೆ ಮೇಲೆ ಬೆಂಗಳೂರಿಗೋ, ತೀರ್ಥಹಳ್ಳಿ, ಆಗುಂಬೆ ಇಳಿದು ಉಡುಪಿಗೋ, ಹೊಸನಗರ ದಾಟಿ ಹುಲಿಕಲ್ ಘಾಟಿಗೋ? ಒಂದೇ ಕಾರಿಗೂ ದಾರಿಗೆ ತಕ್ಕಂತೆ ಉತ್ತರ ಬದಲಾಗುತ್ತದೆ.

ಮೊದಲು ಲೆಕ್ಕ. 205/55 ಆರ್16 91ವಿ ಅಂದರೆ ಟೈರ್ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 55, ಅಂದರೆ ಸುಮಾರು 113 ಮಿ.ಮೀ. ರಿಮ್ 16 ಇಂಚು, 406.4 ಮಿ.ಮೀ. ಗೋಡೆ ಮೇಲೊಂದು ಕೆಳಗೊಂದು ಸೇರಿಸಿದರೆ ಒಟ್ಟು ವ್ಯಾಸ 632 ಮಿ.ಮೀ. 225/45 ಆರ್17ಕ್ಕೆ ಇದೇ ಲೆಕ್ಕ ಹಾಕಿದರೆ 634, 205/50 ಆರ್17ಕ್ಕೆ 637, 225/40 ಆರ್18ಕ್ಕೂ 637. ನಾಲ್ಕರಲ್ಲೂ ವ್ಯಾಸದ ವ್ಯತ್ಯಾಸ ಶೇ. 1ರ ಒಳಗೇ ಇದೆ. ಹಾಗಾಗಿ ಸ್ಪೀಡೋಮೀಟರ್‌ಗಾಗಲಿ, ಗೇರಿಂಗ್‌ಗಾಗಲಿ, ಎಬಿಎಸ್‌ಗಾಗಲಿ ತಕರಾರಿಲ್ಲ. 205/60 ಆರ್16 ಮಾತ್ರ 652ಕ್ಕೆ ಹೋಗುತ್ತದೆ, ಶೇ. 3ಕ್ಕೂ ಮೇಲೆ. ಮೊದಲು ಮುಳ್ಳು 100 ತೋರಿಸುವಾಗ ಇದ್ದ ವೇಗಕ್ಕಿಂತ ಈಗ ಸುಮಾರು 3 ಕಿ.ಮೀ. ಜಾಸ್ತಿ ಓಡುತ್ತಿರುತ್ತೀರಿ, ಎಳೆತವೂ ಸ್ವಲ್ಪ ಮಂದವಾಗುತ್ತದೆ. ಹಂಪ್‌ಗೆ ತಳ ತಾಗುತ್ತದೆ ಎಂದು 205/60 ಕೇಳುವವರು ಬಹಳ ಜನ. ಅವರಿಗೆ 215/55 ಆರ್16 ವಾಸಿ: ವ್ಯಾಸ 643, ವ್ಯತ್ಯಾಸ ಶೇ. 1.7. ನೆಲದಿಂದ ಸಿಗುವ ಎತ್ತರ ಐದೂವರೆ ಮಿ.ಮೀ. ಅಷ್ಟೇ. ಮುಂದಿನ ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಚಕ್ರದ ಮೇಲಿನ ಕಮಾನಿನ ಒಳಲೈನರ್‌ಗೆ ತಾಗುತ್ತದೋ ಎಂದು ನೋಡಿಯೇ ಬಿಲ್ ಹಾಕಬೇಕು.

ವ್ಯಾಸ ಸರಿಯಾಯಿತು ಅಂದರೆ ಎಲ್ಲಾ ಸರಿಯಾಯಿತು ಅಂತಲ್ಲ. ಮಲೆನಾಡಿನಲ್ಲಿ ದುಡ್ಡು ಕೀಳುವುದು ಗೋಡೆಯ ಎತ್ತರ. 205/55 ಆರ್16ರಲ್ಲಿ 113 ಮಿ.ಮೀ. ಇದ್ದದ್ದು 225/45 ಆರ್17ರಲ್ಲಿ 101, 225/40 ಆರ್18ರಲ್ಲಿ 90. ಮಳೆಗಾಲದಲ್ಲಿ ಗುಂಡಿ ಕಾಣುವುದಿಲ್ಲ, ಕೆಂಪು ನೀರು ಮಾತ್ರ ಕಾಣುತ್ತದೆ. ನೀರಿನಡಿಯ ಗುಂಡಿಯ ಅಂಚಿಗೆ ಚಕ್ರ ಬಡಿದಾಗ ಗೋಡೆ ಮಡಚಿ, ರಿಮ್ ಮತ್ತು ಕಲ್ಲಿನ ನಡುವೆ ಸಿಕ್ಕಿ, ಒಳಗಿನ ದಾರಗಳು ತುಂಡಾಗುತ್ತವೆ. ಆಮೇಲೆ ಗಾಳಿ ಅಲ್ಲಿಂದ ಉಬ್ಬಿ ಬರುತ್ತದೆ. ಇದಕ್ಕೆ ನಮ್ಮಲ್ಲಿ “ಟೈರ್‌ಗೆ ಹೊಟ್ಟೆ ಬಂತು” ಎನ್ನುತ್ತಾರೆ. ಹೊಟ್ಟೆ ಬಂದ ಟೈರಿಗೆ ರಿಪೇರಿ ಇಲ್ಲ, ಸ್ಟೆಪ್ನಿಗೂ ಇಡಬಾರದು. ಇನ್ನೊಂದು ಹೊಡೆತ ರಸ್ತೆ ಅಂಚಿನದು. ಎದುರಿನ ಬಸ್ಸಿಗೆ ದಾರಿ ಬಿಡಲು ಎಡಚಕ್ರ ಮಣ್ಣಿಗಿಳಿದು, ಮತ್ತೆ ಟಾರ್ ಹತ್ತುವಾಗ ಚೂಪು ಅಂಚು ಗೋಡೆಯನ್ನು ಸೀಳುತ್ತದೆ. ತಗ್ಗು ಗೋಡೆಯ ಟೈರಿನಲ್ಲಿ ಈ ಎರಡೂ ಹೊಡೆತಕ್ಕೆ ಅಂತರ ಕಡಿಮೆ. ರಿಮ್ ರಕ್ಷಣೆಗೆಂದು ಇರುವ ರಬ್ಬರ್ ಏಣು ಫುಟ್‌ಪಾತ್ ಉಜ್ಜಿಗೆ ಸರಿ, ಗುಂಡಿಗೆ ಅದರಿಂದ ಉಪಯೋಗವಿಲ್ಲ.

ಹಾಗಾಗಿ ಘಾಟಿ ದಾರಿಯವರಿಗೆ ನಮ್ಮ ಶಿಫಾರಸು: ಮೂಲ ಅಳತೆಯಲ್ಲೇ ಇರಿ, ರಿಮ್‌ಗೆ ಹಾಕಬೇಕೆಂದಿದ್ದ ದುಡ್ಡನ್ನು ಮೇಲ್ದರ್ಜೆಯ ಟೈರ್‌ಗೆ ಹಾಕಿ. 18 ಇಂಚಿನಲ್ಲೇ ಬಂದ ಕಾರಿಗೆ ಒಂದು ಮೆಟ್ಟಿಲು ಇಳಿಯುವುದೂ ಲೇಸು. 225/40 ಆರ್18 ಇದ್ದಲ್ಲಿ 225/45 ಆರ್17 ಹಾಕಿದರೆ ವ್ಯಾಸ ಅರ್ಧ ಶೇಕಡದಷ್ಟು ಮಾತ್ರ ಕಡಿಮೆ, ಗೋಡೆ 11 ಮಿ.ಮೀ. ಜಾಸ್ತಿ, ಟೈರ್ ಬೆಲೆಯೂ ಇಳಿಯುತ್ತದೆ. ಅಡ್ಡಿ ಬರುವುದು ಬ್ರೇಕ್. ದೊಡ್ಡ ಡಿಸ್ಕ್ ಇರುವ ಕಾರಿನಲ್ಲಿ ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್‌ಗೂ ರಿಮ್ ಒಳಗೋಡೆಗೂ, ಕಡ್ಡಿಗಳ ಹಿಂಭಾಗಕ್ಕೂ ಕನಿಷ್ಠ 3 ಮಿ.ಮೀ. ಸಂದು ಬೇಕು. ಟೈರ್ ಕೂರಿಸುವ ಮುಂಚೆ ಬರಿ ರಿಮ್ ಹಾಕಿ, ಬೋಲ್ಟ್ ಬಿಗಿದು, ಕೈಯಲ್ಲಿ ತಿರುಗಿಸಿ ನೋಡಿ. ಟೈರ್ ಕೂತ ಮೇಲೆ ಯಾವ ಅಂಗಡಿಯವನೂ ರಿಮ್ ವಾಪಸ್ ತಗೊಳ್ಳುವುದಿಲ್ಲ.

ಅಗಲದ ಮೋಹ ಇನ್ನೊಂದು ಕಥೆ. ತೂಕವೂ ಗಾಳಿಯ ಒತ್ತಡವೂ ಅಷ್ಟೇ ಇದ್ದರೆ, ಟೈರ್ ಅಗಲವಾದರೂ ನೆಲಕ್ಕೆ ತಾಗುವ ಜಾಗದ ವಿಸ್ತೀರ್ಣ ಹೆಚ್ಚೇನೂ ಬದಲಾಗುವುದಿಲ್ಲ. ಉದ್ದುದ್ದ ಇದ್ದದ್ದು ಅಡ್ಡಡ್ಡ ಆಗುತ್ತದೆ. ಒಣರಸ್ತೆಯ ತಿರುವಿನಲ್ಲಿ ಅದು ಲಾಭ. ನೀರು ನಿಂತ ರಸ್ತೆಯಲ್ಲಿ ಅಗಲದ ಟೈರ್ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಅದಕ್ಕೆ ಸಿಗುವ ಸಮಯವೂ ಕಮ್ಮಿ. ಹಾಗಾಗಿ ನೆಲದ ಹಿಡಿತ ಬಿಟ್ಟು ಬೇಗ ನೀರಿನ ಮೇಲೆ ತೇಲುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ತೇಲುವಷ್ಟು ವೇಗ ಯಾರಿಗೂ ಸಿಗುವುದಿಲ್ಲ ಬಿಡಿ. ಅಲ್ಲಿ ಜಾರಿಸುವುದು ಬಿಸಿಲು ಕಾಣದ ಟಾರಿನ ಮೇಲಿನ ಪಾಚಿ ಮತ್ತು ಕೊಳೆತ ಎಲೆ. ಅದಕ್ಕೆ ಬೇಕಾದ್ದು ಅಗಲವಲ್ಲ, ಒದ್ದೆಯಲ್ಲಿ ಹಿಡಿಯುವ ರಬ್ಬರ್. ತೇಲುವ ಅಪಾಯ ಇರುವುದು ತೀರ್ಥಹಳ್ಳಿ ರಸ್ತೆಯ ನೇರ ಓಟಗಳಲ್ಲಿ, ಸಾಗರ ರಸ್ತೆಯ ತಗ್ಗುಗಳಲ್ಲಿ.

ರಬ್ಬರಿನ ಗುಣ ಗೋಡೆಯ ಮೇಲೇ ಬರೆದಿರುತ್ತದೆ. ಬಹಳಷ್ಟು ಟೈರ್‌ಗಳಲ್ಲಿ ಟ್ರೆಡ್‌ವೇರ್ ಎಂದು ಒಂದು ಸಂಖ್ಯೆ, ಟ್ರಾಕ್ಷನ್ ಎಂದು ಎಎ, ಎ, ಬಿ, ಸಿ ಇವುಗಳಲ್ಲೊಂದು ಇರುತ್ತದೆ. ಟ್ರಾಕ್ಷನ್ ಅಂದರೆ ಒದ್ದೆ ನೆಲದಲ್ಲಿ ನೇರ ಬ್ರೇಕ್ ಹಾಕಿದಾಗಿನ ಹಿಡಿತ, ತಿರುವಿನದ್ದಲ್ಲ. ಟ್ರೆಡ್‌ವೇರ್ ಸಂಖ್ಯೆ ಹೆಚ್ಚಿದಷ್ಟು ಬಾಳಿಕೆ ಹೆಚ್ಚು, ಆದರೆ ಅದನ್ನು ಕಂಪನಿಗಳೇ ತಮ್ಮ ಟೈರಿಗೆ ಕೊಟ್ಟುಕೊಳ್ಳುವುದರಿಂದ ಒಂದೇ ಕಂಪನಿಯ ಎರಡು ಟೈರ್ ಹೋಲಿಸಲು ಮಾತ್ರ ನಂಬಬಹುದು. 200ರ ಆಸುಪಾಸಿನದು ಟ್ರ್ಯಾಕ್‌ಗೆ ಹೋಗುವವರಿಗೆ. ದಿನಬಳಕೆಯ ವೇಗದ ಕಾರಿಗೆ 300ರಿಂದ 400, ಟ್ರಾಕ್ಷನ್ ಎ ಅಥವಾ ಎಎ ಇದ್ದರೆ ನಮ್ಮ ಕಡೆಗೆ ತಕ್ಕದ್ದು. ಮಿಶೆಲಿನ್‌ನಲ್ಲಿ ಪೈಲಟ್ ಸ್ಪೋರ್ಟ್ 4 ಹಿಡಿತದ ಕಡೆ, ಪ್ರೈಮಸಿ 4 ಎಸ್‌ಟಿ ಮೌನ ಮತ್ತು ಆರಾಮದ ಕಡೆ. ಬೇರೆ ಕಂಪನಿಗಳಲ್ಲೂ ಹೀಗೆ ಎರಡು ಸಾಲು ಇರುತ್ತವೆ, ಯಾವ ಸಾಲು ಎಂದು ಕೇಳಿ ತಿಳಿದುಕೊಳ್ಳಿ. ಜೀಪಿನ ಹಾಗೆ ಕಾಣಲಿ ಎಂದು ದಪ್ಪ ಬ್ಲಾಕ್‌ಗಳ ಟೈರ್ ಹಾಕಿಸಬೇಡಿ. ಒದ್ದೆ ಟಾರಿನಲ್ಲಿ ಅದರ ಬ್ರೇಕ್ ಹಿಡಿತ ಕಡಿಮೆ.

91ವಿ ಎಂಬ ಬಾಲಕ್ಕೂ ಅರ್ಥವಿದೆ. 91 ಅಂದರೆ ಒಂದು ಟೈರ್ ಹೊರಬಲ್ಲ ಭಾರ 615 ಕಿಲೋ, 94 ಅಂದರೆ 670. ವಿ ಅಂದರೆ ಗಂಟೆಗೆ 240 ಕಿ.ಮೀ., ಎಚ್ ಅಂದರೆ 210, ಡಬ್ಲ್ಯು ಅಂದರೆ 270. “ಅಷ್ಟು ವೇಗ ಎಲ್ಲಿ ಹೋಗ್ತೀವಿ” ಎಂದು ಟಿ ಅಥವಾ ಎಚ್‌ಗೆ ಇಳಿಯುವವರಿದ್ದಾರೆ. ವೇಗದ ದರ್ಜೆ ಹೆಚ್ಚಿದ ಟೈರ್ ಬಿಸಿ ತಾಳಿಕೊಳ್ಳುತ್ತದೆ, ಗೋಡೆ ಸಾಮಾನ್ಯವಾಗಿ ಬಿಗಿ ಇರುತ್ತದೆ. ಕಾರಿನ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿರುವುದಕ್ಕಿಂತ ಕೆಳಗೆ ಇಳಿಯಬಾರದು. ಎಕ್ಸ್‌ಎಲ್, ಅಂದರೆ ಹೆಚ್ಚು ಭಾರ ಹೊರುವಂಥದ್ದು, ಎಂದಿರುವ ಟೈರಿಗೆ ಹೋದರೆ ಗಾಳಿಯನ್ನು 2ರಿಂದ 3 ಪಿಎಸ್‌ಐ ಹೆಚ್ಚಿಗೆ ಇಡಿ. ಹಳೆಯ ಒತ್ತಡದಲ್ಲಿ ಅದು ತನ್ನ ಪೂರ್ತಿ ಭಾರ ಹೊರುವುದಿಲ್ಲ.

ಇನ್ನು ರಿಮ್ ಬದಲಿಸಿಯೇ ಸಿದ್ಧ ಎನ್ನುವವರಿಗೆ. ಪಿಸಿಡಿ, ಅಂದರೆ ಬೋಲ್ಟ್‌ಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ, ನೋಡಿದರೆ ಸಾಕು ಎಂಬ ನಂಬಿಕೆಯೇ ಹೆಚ್ಚಿನ ತೊಂದರೆಯ ಮೂಲ. ವರ್ಟಸ್, ಸ್ಲಾವಿಯಾಗೆ 5x100, ಮೊದಲ ಪೀಳಿಗೆಯದು ಬಿಟ್ಟು ಉಳಿದ ಆಕ್ಟೇವಿಯಾಗೆ 5x112, ಐ20ಗೆ 4x100. ಅದರ ಜತೆ ಮಧ್ಯದ ತೂತು: ಈ ಫೋಕ್ಸ್‌ವ್ಯಾಗನ್, ಸ್ಕೋಡಾಗಳಿಗೆ 57.1 ಮಿ.ಮೀ., ಹ್ಯುಂಡೈಗೆ 54.1. ಹೊರಗಿನ ರಿಮ್‌ಗಳಲ್ಲಿ ಹಲವಕ್ಕೆ 73.1 ಇರುತ್ತದೆ, ನಡುವಿನ ಸಂದಿಗೆ ರಿಂಗ್ ಹಾಕಬೇಕು. ರಿಂಗ್ ಇಲ್ಲದೆ ಕೂರಿಸಿದ ಚಕ್ರ ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ಸೊನ್ನೆ ತೋರಿಸಿದರೂ 90ರ ವೇಗದಲ್ಲಿ ಸ್ಟೇರಿಂಗ್ ನಡುಗಿಸುತ್ತದೆ. ಅಗ್ಗದ ಪ್ಲಾಸ್ಟಿಕ್ ರಿಂಗ್ ಘಾಟಿ ಇಳಿಯುವಾಗಿನ ಬ್ರೇಕ್ ಬಿಸಿಗೆ ಮೆತ್ತಗಾಗಿ ಆಕಾರ ಕೆಡಬಹುದು. ಅಲ್ಯೂಮಿನಿಯಂ ರಿಂಗ್ ಹಾಕಿ, ಅಂಚಿಗೆ ತೆಳುವಾಗಿ ಗ್ರೀಸ್ ಸವರಿ. ಇಲ್ಲದಿದ್ದರೆ ಒಂದು ಮಳೆಗಾಲ ಕಳೆಯುವುದರಲ್ಲಿ ಚಕ್ರ ಕೂರುವ ಹಬ್‌ಗೆ ಹಿಡಿದುಕೊಂಡು ಬಿಡುತ್ತದೆ.

ಆಫ್‌ಸೆಟ್, ಅಂದರೆ ರಿಮ್‌ನ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂಬ ಲೆಕ್ಕ, ಕಾಗದದ ಮೇಲೆ ಮಾಡಿ. ಇಟಿ ಜತೆಗಿನ ಅಂಕಿ ಅದೇ, ಜೆ ಜತೆಗಿನದು ಇಂಚಿನಲ್ಲಿ ರಿಮ್ ಅಗಲ. ಹಳೆಯ ರಿಮ್ 6ಜೆ ಇಟಿ40, ಹೊಸದು 7.5ಜೆ ಇಟಿ45 ಎಂದುಕೊಳ್ಳಿ. ಅಗಲ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಹೆಚ್ಚಿತು, ಎರಡೂ ಕಡೆಗೆ 19ರಂತೆ. ಇಟಿ 5 ಹೆಚ್ಚಿದ್ದರಿಂದ ಇಡೀ ಚಕ್ರ 5 ಒಳಗೆ ಸರಿಯಿತು. ಒಟ್ಟಿನಲ್ಲಿ ಒಳಬದಿಗೆ 24, ಹೊರಬದಿಗೆ 14 ಮಿ.ಮೀ. ಸಸ್ಪೆನ್ಷನ್‌ನ ಸ್ಟ್ರಟ್‌ಗೂ ಹಳೆಯ ರಿಮ್ ಅಂಚಿಗೂ ನಡುವೆ 24ಕ್ಕಿಂತ ಕಡಿಮೆ ಜಾಗ ಇದ್ದರೆ ಮಾತು ಅಲ್ಲಿಗೆ ಮುಗಿಯಿತು. ಸ್ಪೇಸರ್ ಹಾಕಿ ಸರಿಮಾಡೋಣ ಎಂದರೆ ಬೇರಿಂಗ್ ಮೇಲಿನ ಹೊರೆ ಹೆಚ್ಚುತ್ತದೆ, ಹಿಂದಿನ ಸೀಟು ತುಂಬಿದಾಗ ಫೆಂಡರ್ ಅಂಚು ಟೈರನ್ನು ಕೆರೆಯುತ್ತದೆ. ರಿಮ್ ಹಾಗೇ ಇಟ್ಟು ಟೈರ್ ಮಾತ್ರ ಅಗಲ ಮಾಡುವವರಿಗೂ ಮಿತಿ ಇದೆ: 205/55 ಆರ್16ಕ್ಕೆ ರಿಮ್ ಅಗಲ 5.5ರಿಂದ 7.5 ಇಂಚು ನಡೆಯುತ್ತದೆ, 225/45 ಆರ್17ಕ್ಕೆ 7ರಿಂದ 8.5. 6 ಇಂಚಿನ ರಿಮ್‌ಗೆ 225/50 ಆರ್16 ತುರುಕಿದರೆ ಕೂರುತ್ತದೆ, ಆದರೆ ಗೋಡೆ ಹೊರಗೆ ಉಬ್ಬಿ, ಸ್ಟೇರಿಂಗ್ ತಿರುಗಿಸಿದ ಮೇಲೆ ಕಾರು ತಡವಾಗಿ ತಿರುಗುತ್ತದೆ. ವೇಗದ ಕಾರು ಕೊಂಡದ್ದೇ ವ್ಯರ್ಥ.

ಬೋಲ್ಟ್ ವಿಷಯದಲ್ಲಿ ಮಾತ್ರ ಯಾರ ಜತೆಗೂ ರಾಜಿ ಬೇಡ. ಫೋಕ್ಸ್‌ವ್ಯಾಗನ್, ಸ್ಕೋಡಾ ಮೂಲ ಬೋಲ್ಟ್‌ಗಳ ತಲೆಯಡಿ ಗುಂಡಗೆ ಇರುತ್ತದೆ. ಹೊರಗಿನ ಬಹುಪಾಲು ರಿಮ್‌ಗಳ ಕುಳಿ ಕೋನಾಕಾರ. ಗುಂಡನೆಯದನ್ನು ಕೋನದ ಕುಳಿಗೆ ಬಿಗಿದರೆ ಒಂದು ತೆಳು ಗೆರೆಯಷ್ಟು ಮಾತ್ರ ತಾಗುತ್ತದೆ, ದಿನ ಕಳೆದಂತೆ ಸಡಿಲಾಗುತ್ತದೆ. ರಿಮ್ ಜತೆಗೇ ಅದಕ್ಕೆ ತಕ್ಕ ಬೋಲ್ಟ್ ಖರೀದಿಸಿ. 14 ಮಿ.ಮೀ. ಬೋಲ್ಟ್ ಕೈಯಲ್ಲಿ ಕನಿಷ್ಠ ಏಳೂವರೆ ಸುತ್ತು ಒಳಗೆ ಹೋಗಬೇಕು. ಅತಿ ಉದ್ದವಾದರೆ ಒಳಗಿನ ಭಾಗಗಳಿಗೆ ತಾಗಬಹುದು. ಬಿಗಿತ 120 ನ್ಯೂಟನ್ ಮೀಟರ್, ಟಾರ್ಕ್ ವ್ರೆಂಚ್‌ನಲ್ಲಿ, ನಕ್ಷತ್ರದ ಕ್ರಮದಲ್ಲಿ. ಗಾಳಿ ಗನ್ನಿನಿಂದ ಕರ್ರ್ ಎನ್ನಿಸಿ ಬಿಟ್ಟ ಬೋಲ್ಟ್ ಮಳೆಯಲ್ಲಿ, ರಸ್ತೆ ಬದಿಯಲ್ಲಿ, ಕಾರಿನ ಪಾನಾಕ್ಕೆ ಜಗ್ಗುವುದಿಲ್ಲ.

ಎರಡೇ ಟೈರ್ ಕೊಳ್ಳುವವರು ಹೊಸದನ್ನು ಮುಂದಕ್ಕೆ ಹಾಕಿ ಎನ್ನುತ್ತಾರೆ, ಎಳೆಯುವುದು ಮುಂದಿನ ಚಕ್ರ ಅಲ್ಲವೇ ಎಂದು. ಹೊಸದು ಹಿಂದಕ್ಕೇ ಹೋಗಬೇಕು. ಮುಂದಿನ ಚಕ್ರ ತೇಲಿದರೆ ಸ್ಟೇರಿಂಗ್ ಹಗುರಾಗಿ ತಿಳಿಯುತ್ತದೆ, ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದಿನದು ತೇಲಿದರೆ ತಿಳಿಯುವಷ್ಟರಲ್ಲಿ ಕಾರು ಅಡ್ಡ ತಿರುಗಿರುತ್ತದೆ. ಟೈರಿನ ಗೀರುಗಳ ಆಳಕ್ಕೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ., ಆದರೆ ಜೂನ್‌ಗೆ ಮುಂಚೆ 3ಕ್ಕೆ ಇಳಿದಿದ್ದರೆ ಬದಲಿಸಿ ಎನ್ನುತ್ತೇವೆ. ವ್ಯಾಪಾರದ ಮಾತು ಎನ್ನಿಸಿದರೆ ಒಂದು ಡೆಪ್ತ್ ಗೇಜ್ ಕೊಂಡು ನೀವೇ ಅಳೆಯಿರಿ, ಅದೇನು ದುಬಾರಿಯಲ್ಲ. ಮುಂದೆ 225/45, ಹಿಂದೆ 255/40 ಇರುವ ಬಿಎಂಡಬ್ಲ್ಯುನಂಥ ಕಾರಿಗೆ ಹಿಂದುಮುಂದು ಅದಲುಬದಲು ಇಲ್ಲ.

ಟೈರ್ ಗೋಡೆಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿಯೇ ದುಡ್ಡು ಕೊಡಿ. 2324 ಅಂದರೆ 2024ರ 23ನೇ ವಾರ. ಚಿಕ್ಕ ಊರುಗಳಲ್ಲಿ ಅಪರೂಪದ ಅಳತೆಗಳು ಗೋದಾಮಿನಲ್ಲೇ ಹಳತಾಗಿರುತ್ತವೆ. ನಾಲ್ಕೂ ಟೈರ್‌ಗಳ ಅಂಕಿ ನೋಡಿ, ಒಂದರದ್ದು ಮಾತ್ರ ಅಲ್ಲ.

ಬ್ಯಾಲೆನ್ಸಿಂಗ್‌ಗೆ ಮುಂಚೆ ರಿಮ್ ಒಳಗೋಡೆ ತೊಳೆಯಿಸಿ. ಕೆಮ್ಮಣ್ಣು ಅಂಟಿ ಒಣಗಿದ ರಿಮ್‌ಗೆ ತೂಕ ಅಂಟಿಸಿದರೆ, ಮಣ್ಣು ಉದುರಿದ ದಿನ ನಡುಕ ಶುರು. ಅಂಟಿಸುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸದಿದ್ದರೆ ತೂಕವೇ ಮಳೆಗೆ ಕಳಚಿ ಹೋಗುತ್ತದೆ. ರಿಮ್ ಬೆಂಡ್ ತೆಗೆಸಿದ್ದರೆ ಸೋಪಿನ ನೀರು ಹಚ್ಚಿ ಒಳಗೋಡೆಯಲ್ಲಿ ಗುಳ್ಳೆ ಬರುತ್ತದೋ ನೋಡಿ. ಬಿರುಕಿಗೆ ವೆಲ್ಡಿಂಗ್ ಮಾಡಿಸಿದ ರಿಮ್ ಘಾಟಿಗೆ ಬೇಡ.

ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಿ. ಘಾಟಿ ಇಳಿದು ಸೋಮೇಶ್ವರದಲ್ಲಿ ನಿಂತು ಅಳೆದರೆ 4–5 ಪಿಎಸ್‌ಐ ಹೆಚ್ಚು ತೋರಿಸಬಹುದು, ಆ ಹೆಚ್ಚುವರಿ ಗಾಳಿಯನ್ನು ಹೊರಬಿಡಬೇಡಿ. ಹೊಸ ರಿಮ್ ಹಾಕಿಸಿದವರು 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ವ್ರೆಂಚ್‌ಗೆ ತೋರಿಸಿ. ಸ್ಟೆಪ್ನಿ ಹಳೆಯ ರಿಮ್‌ನದ್ದೇ ಆಗಿದ್ದರೆ ಅದಕ್ಕೆ ಬೇಕಾದ ಮೂಲ ಬೋಲ್ಟ್‌ಗಳನ್ನು ಒಂದು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಜ್ಯಾಕ್ ಪಕ್ಕದಲ್ಲೇ ಇಡಿ.